ಸೀಸದ ನಳದ ನೀರು

ನೀರು ಕಟ್ಟೋದು, ನೀರು ಬಿಡೋದು ನನ್ನ ಹುಟ್ಟು ಕಸಬು. ಏಳನೇತ್ತಾ ಮುಗಿಸಿ ಸಾಲಿ ಬಿಟ್ಟ ದಿವಸದಿಂದ ಇವತ್ತಿನ ತನಕ ಬಾವಿ ನೀರು ತಿರುವಿಕೋತ ಬಂದೀನಿ. ಹೊಲದಾಗ ಒಂದು ಮಡಿ ತುಂಬಿತು ಅಂದ್ರ ಒಂದು ಸಲಿಕಿ ಮಣ್ಣು ಅಡ್ಡ ಹಾಕಬೇಕು, ಮುಂದಿನ ಮಡಿ ಬಾಯಿ ಬಿಡಬೇಕು. ಕಣ್ಣು ಮುಚ್ಚಿ ಪದ ಹಾಡಿಕೋತ ಮಾಡೋ ಕೆಲಸ. ಮನಿಯೊಳಗಿನ ನಳದ ನೀರು ಬಂದ್ ಮಾಡೋದು ಇದಕ್ಕಿಂತ ಹಗುರ, ಒಂದು ತಿರುವು ತಿರುವಿದರ ಮುಗೀತು ಅಂತ ನಾವು ಹಳ್ಳಿ ಮಂದಿ ತಿಳಕೊಂಡೀವಿ. ಹಳೇ ಸೀಸದ ಪೈಪು ಇದ್ದ ಮನ್ಯಾಗ ಹಂಗಲ್ಲ. ಅದನ್ನ ಬರೀಲಿಕ್ಕೆ ಕುಂತೀನಿ.

ಬರೀಲಿಕ್ಕೆ ಇನ್ನೊಂದು ಕಾರಣನೂ ಐತಿ. ನನ್ನ ಸಣ್ಣ ಮಗಳು ಐದು ತಿಂಗಳ ಬಸುರಿ ಇದ್ದಾಗ ಗಂಡನ ಮನಿಯಿಂದ ತವರಿಗೆ ಬಂದಳು. ಚೊಚ್ಚಲ ಹೆರಿಗಿ ಅಲ್ಲ, ಎರಡನೇದು. ಎರಡನೇದಕ್ಕ ತವರಿಗೆ ಬರೋ ಪದ್ಧತಿ ನಮ್ಮಲ್ಲಿ ಇಲ್ಲ, ಅದೂ ಐದನೇ ತಿಂಗಳಿಗೆ. ಹಿಂಗಾಗಿ ಗುಡಿ ಕಟ್ಟಿ ಮ್ಯಾಲೆ ಒಂದು ಮಾತು ಹುಟ್ಟಿತು: ಗಂಡ ಹೆಂಡತಿ ಜಗಳ ಆಗ್ಯಾದ, ಅಳಿಯ ಹೊರಗ ಹಾಕ್ಯಾನ. ನನ್ನ ಎದುರಿಗೆ ಯಾರೂ ಕೇಳಲಿಲ್ಲ. ಕೇಳಿದ್ದರ ಅಲ್ಲೇ ಹೇಳತಿದ್ದೆ. ಜಗಳ ಏನೂ ಇಲ್ಲ, ಮಗಳು ಬಂದದ್ದು ನೀರಿನ ಸಲುವಾಗಿ.

ಸೊಲ್ಲಾಪುರದಾಗ ಅವರು ಇರೋದು ಇಂಗ್ರಜರ ಕಾಲದ ಒಂದು ವಾಡೆದಾಗ, ಬಾಡಿಗಿಗೆ. ದಪ್ಪ ದಪ್ಪ ಗ್ವಾಡಿ, ತೇಗಿನ ಕಂಬ, ನಡುವ ಅಂಗಳ. ಮೂರು ಸಂಸಾರಕ್ಕ ಅಂಗಳದಾಗ ಒಂದೇ ನಳ. ಉಜನಿ ಧರಣದಿಂದ ನೂರು ಕಿಲೋಮೀಟರಿಗಿಂತ ದೂರ ಹಾದು ಬರೋ ನೀರು, ಅದೂ ಮೂರು ನಾಲ್ಕು ದಿವಸಕ್ಕೊಮ್ಮೆ ಒಂದೆರಡು ತಾಸು. ನೀರು ಬರೋ ದಿವಸ ಆ ವಾಡೆದಾಗ ಯಾರಿಗೂ ನಿದ್ದಿ ಇಲ್ಲ.

ಸಂಕ್ರಾಂತಿಗೆ ಸಿದ್ಧರಾಮೇಶ್ವರನ ಗಡ್ಡಾ ಜಾತ್ರಿಗೆ ನಮ್ಮ ಭಜನಿ ಮೇಳ ಹೋಗಿತ್ತು. ಜಾತ್ರಿ ಮುಗಿಸಿ ನಾನು ಮಗಳ ಮನ್ಯಾಗ ಉಳಿದೆ. ಮೂರನೇ ದಿವಸ ನಸುಕಿನ್ಯಾಗ ನೀರು ಬಂತು. ಬಂದದ್ದು ನಳಕ್ಕಲ್ಲ, ಗ್ವಾಡಿಗೆ. ಬಚ್ಚಲ ಪಕ್ಕದ ಗ್ವಾಡಿ ಒಳಗಿಂದ ಪಿಚಕಾರಿ ಹಂಗ ಚಿಮ್ಮಿ ಜೋಳದ ಚೀಲದ ಮ್ಯಾಲೆ ಬೀಳಾಕತ್ತಿತು. ಮೊಮ್ಮಗಳಿಗೆ ಮೂರು ವರ್ಷ, ಅದಕ್ಕ ಜಾತ್ರಿ ಮತ್ತ ಬಂದಂಗಾಗಿ ಚಪ್ಪಾಳಿ ಹೊಡೀತಿತ್ತು.

ಹೊಸ್ತಿಲ ಮುಂದಿನ ಫರಸಿ ಎತ್ತಿದರ ಕೆಳಗ ಒಂದು ಹಿತ್ತಾಳಿ ಕಾಕ್ ಇತ್ತು, ಬೀದಿ ನೀರು ಮನಿಗೆ ಬರೋದನ್ನ ತಡಿಯೋದು. ಎಷ್ಟು ವರ್ಷದಿಂದ ಯಾರೂ ಮುಟ್ಟಿರಲಿಲ್ಲೋ, ಹಸರು ಗಟ್ಟಿ ಕೂತಿತ್ತು. ಅಳಿಯ ದೊಡ್ಡ ಪಾನಾ ತಂದು, ಕಾಲು ಊರಿ, ಜಗ್ಗಲಿಕ್ಕೆ ನಿಂತ. ನಾನು ಬ್ಯಾಟರಿ ಹಿಡಿದಿದ್ದೆ. ಪಾನಾ ಜಾರಿ ಪೈಪಿಗೆ ಬಡೀತು. ಆ ದನಿ ಕೇಳಿ ನಾನು ಅವನ ಕೈ ಹಿಡಿದೆ.

ಕಬ್ಬಿಣಕ್ಕ ಬಡದರ ಠಣ್ ಅನಬೇಕು. ತಾಮ್ರಕ್ಕ ಬಡದರ ಇನ್ನೂ ಎಳಕೊಂಡು ಹೋಗಬೇಕು. ಇದು ದಬ್ ಅಂತು, ಹಸೀ ಗಡಿಗಿ ಬಡದಂಗ. ಒಡಕು ತಾಳನೂ ಇಷ್ಟು ಸತ್ತ ದನಿ ಕೊಡೂದಿಲ್ಲ. ನಲವತ್ತು ವರ್ಷ ತಾಳದ ಮುಂದ ಕುಂತ ಕಿವಿ ಇದು, ಬ್ಯಾರೆ ಏನೂ ತಿಳೀಲಿಕ್ಕಿಲ್ಲ, ದನಿ ತಿಳೀತದ.

“ಅಳಿಯಂದಿರ, ತಡೀರಿ. ಇದು ಕಬ್ಬಿಣ ಅಲ್ಲ.”

“ಮತ್ತೇನ್ರಿ ಮಾವಾ? ಜೋಳ ತೊಯ್ಯಾಕತ್ತಾವ.”

“ತೊಯ್ಲಿ. ಪೈಪು ಮುರದರ ಮನಿ ತುಂಬ್ತದ.”

ಚಾಕು ತುದಿಯಿಂದ ಕೆರೆದೆ. ಮ್ಯಾಲಿನ ಬೂದಿ ಬಣ್ಣ ಹೋಗಿ ಒಳಗ ಬೆಳ್ಳಿ ಹಂಗ ಫಳ್ ಅಂತು. ಉಗುರು ಒತ್ತಿದರ ಗೀರು ಬಿತ್ತು. ಹೊಳಿ ಮೀನುಗಾರರ ಬಲಿಗೆ ಕಟ್ಟೋ ಗುಂಡು ನೋಡಿದವರಿಗೆ ಗುರುತು ಹತ್ತತದ. ಸೀಸ. (ಅಯಸ್ಕಾಂತ ಇದ್ದರ ಅದೂ ಒಂದು ಪರೀಕ್ಷೆ. ಕಬ್ಬಿಣಕ್ಕ ಹತ್ತತದ, ಸೀಸಕ್ಕ ಹತ್ತೂದಿಲ್ಲ.)

ಬಾಜೂ ಓಣಿಯೊಳಗ ಒಬ್ಬ ಮುದುಕ ಪ್ಲಂಬರ ಇದ್ದಾರ, ನನಗಿಂತ ಹಿರಿಯರು, ಮರಾಠಿ ಮಾತಿನವರು. ಅಳಿಯ ಓಡಿ ಹೋಗಿ ಕರಕೊಂಡು ಬಂದ. ಅವರು ನೋಡಿದ ಕೂಡಲೆ “ಶಿಸೆ” ಅಂದರು. ಅವರು ಬರೋ ತನಕ ನಾನು ಹಳೇ ಸೈಕಲ್ ಟ್ಯೂಬಿನ ಪಟ್ಟಿ ಒಡಕಿಗೆ ಸುತ್ತಿ ಬಿಗಿಯಾಗಿ ತಂತಿ ಕಟ್ಟಿದ್ದೆ, ಚಿಮ್ಮೋದು ಅರ್ಧ ಕಡಿಮಿ ಆಗಿತ್ತು. ಅವರು ಹೂಂ ಅಂತ ತಲಿ ಆಡಿಸಿದರು. ಆಮ್ಯಾಲೆ ಅವರು ಮಾಡಿದ್ದು ಹೇಳತೀನಿ, ಹಳೇ ಮನಿ ಇದ್ದವರು ನೆನಪಿಡ್ರಿ.

ಮೊದಲು ಕಾಕ್ ಸುತ್ತಲಿನ ಮಣ್ಣು ಕೈಯಿಂದ ತಗದರು, ಗುದ್ದಲಿ ಮುಟ್ಟಲಿಲ್ಲ. ನಾಕು ಹನಿ ಚಿಮಣಿ ಎಣ್ಣಿ ಬಿಟ್ಟು ಬೀಡಿ ಹಚ್ಚಿಕೊಂಡು ದೂರ ಕುಂತರು. ಒಳಗ ನೀರು ಹರಿಯಾಕತ್ತಾವ, ಇವರು ಬೀಡಿ ಸೇದತಾರಲ್ಲಾ ಅಂತ ಮಗಳು ಸಿಟ್ಟಾದಳು. ಆಮ್ಯಾಲೆ ಎರಡು ಪಾನಾ ತಗೊಂಡರು. ಒಂದರಿಂದ ಕಾಕಿನ ಮೈ ಅಲುಗದಂಗ ಹಿಡಿಯೋದು, ಇನ್ನೊಂದರಿಂದ ಅದರ ತಲಿ ತಿರುವೋದು. ಒಂದೇ ಪಾನಾ ಹಾಕಿ ಜಗ್ಗಿದರ ತಿರುಗೋದು ಕಾಕ್ ಅಲ್ಲ, ಹಿಂದಿನ ಮೆತ್ತನ ಪೈಪು. ಅದು ಹಸೀ ಬಟ್ಟಿ ಹಿಂಡಿದಂಗ ತಿರುಚಿ ಬೆಸಿಗಿ ಹತ್ತರ ಕಿತ್ತು ಬರತದ. ಹಂಗ ಕಿತ್ತರ ತಡೀಲಿಕ್ಕೆ ಮನ್ಯಾಗ ಏನೂ ಉಳಿಯೂದಿಲ್ಲ, ಬೀದಿ ವಾಲ್ವನ್ನೇ ಮುಚ್ಚಬೇಕು. ಸ್ವಲ್ಪ ಮುಂದ, ಸ್ವಲ್ಪ ಹಿಂದ, ಮತ್ತ ಮುಂದ, ಹಟಮಾರಿ ಎತ್ತಿಗೆ ನೊಗ ರೂಢಿ ಮಾಡಿಸಿದಂಗ. ಕಾಲು ತಾಸಿಗೆ ಕಾಕ್ ಮುಚ್ಚಿತು. ಅಷ್ಟಾದರೂ ಮುಚ್ಚದಿದ್ದರ ಜಬರದಸ್ತಿ ಮಾಡಬಾರದು, ನೀರು ಬಿಡುವವನನ್ನ ಕರೆದು ಓಣಿ ವಾಲ್ವ್ ಮುಚ್ಚಿಸಬೇಕು ಅಂದರು. ಪೈಪು ಕಿತ್ತೇ ಹೋದರ ಕಡೀ ಉಪಾಯ ಒಂದೈತಿ. ಸೀಸ ಮೆತ್ತಗ, ಸುತ್ತಿಗಿಯಿಂದ ಬಡದು ಚಪ್ಪಟಿ ಮಾಡಿ ಬಾಯಿ ಮುಚ್ಚಬಹುದು. ಆದರ ಆ ಪೈಪು ಮತ್ತ ಉಪಯೋಗಕ್ಕ ಬರೂದಿಲ್ಲ.

ಇಷ್ಟಕ್ಕ ಮುಗೀತು ಅಂತ ನಾವು ಚಹಾ ಕುಡದ್ವಿ. ಮುದುಕರು ಕಪ್ಪು ಕೆಳಗಿಟ್ಟು ಮಗಳ ಕಡೆ ನೋಡಿ ಕೇಳಿದರು: “ನೀರು ಬಂದಾಗ ಮೊದಲು ಏನು ತುಂಬತೀಯವ್ವಾ?” ಅವರು ಮರಾಠಿಯೊಳಗ ಕೇಳಿದ್ದು, ನಾನು ನಮ್ಮ ಮಾತಿನ್ಯಾಗ ಬರದೀನಿ.

ಕುಡಿಯೋ ಕೊಡ ಅಂದಳು. ಎಲ್ಲಾರೂ ಹಂಗೇ ಅಲ್ಲೇನು? ಮೂರು ಮನಿ ಪಾಳೇವು, ಮೊದಲು ಕುಡಿಯೋ ನೀರು ಭದ್ರ ಮಾಡಬೇಕು, ಬಳಸೋದು ಆಮ್ಯಾಲೆ. ಹೆಣ್ಣುಮಕ್ಕಳ ಲೆಕ್ಕ ತಪ್ಪಲ್ಲ. ಆದರ ಸೀಸದ ಪೈಪಿನ್ಯಾಗ ಆ ಲೆಕ್ಕ ತಿರುಗಾ ಮುರುಗಾ ಆಗತದ. ನೀರು ಪೈಪಿನೊಳಗ ನಿಂತಷ್ಟೂ ಸೀಸ ಅದರೊಳಗ ಕರಗತದ. ಒಂದು ರಾತ್ರಿ ನಿಂತರೇ ಬಹಳ, ಇಲ್ಲಿ ಮೂರು ನಾಲ್ಕು ದಿವಸ. ಊರ ನೀರು ಬಂದ್ ಮಾಡಿ ಬಿಟ್ಟಾಗೊಮ್ಮೆ ಆ ಮನ್ಯಾಗ ನಳ ಬಂದ್ ಮಾಡಿ ಬಿಟ್ಟಂಗೇ. ಮೊದಲು ಬರೋ ಕೊಡದಾಗೇ ಸೀಸ ಹೆಚ್ಚು, ಆ ಕೊಡದ್ದೇ ನನ್ನ ಬಸುರಿ ಮಗಳು ಮತ್ತ ಮೊಮ್ಮಗಳು ಕುಡೀತಿದ್ದರು.

ನಮ್ಮ ಊರಿಗೆ ಬಂದ ಮ್ಯಾಲೆ ಇದನ್ನ ವಾಚನಾಲಯದಾಗ ಕನ್ನಡ ಸಾಲಿ ಮಾಸ್ತರಿಗೆ ಕೇಳಿದೆ. ಅವರು ಪುಸ್ತಕ ತಗದು ಒಂದೊಂದೇ ಓದಿ ಹೇಳಿದರು. ಕುಡಿಯೋ ನೀರಿನ್ಯಾಗ ಸೀಸ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ಕಟ್ಟಳೆ. ದೊಡ್ಡವರಿಗಿಂತ ಸಣ್ಣ ಮಕ್ಕಳ ಮೈ ಅದನ್ನ ನಾಕೈದು ಪಟ್ಟು ಹೆಚ್ಚು ಹೀರಿಕೊಳ್ಳತದ. ಎಲುಬಿನ್ಯಾಗ ಸುಣ್ಣದ ಜೊತಿ ಕೂಡತದ, ಬಸುರಿ ಆದಾಗ ತಾಯಿ ಎಲುಬಿನಿಂದ ಸುಣ್ಣ ಕೂಸಿಗೆ ಹೋಗುವಾಗ ಇದೂ ಹೋಗತದ. ಮಕ್ಕಳ ಬುದ್ಧಿ ಕುಂದತದ, ಕಲಿಯೋದು ಹಿಂದ ಬೀಳತದ, ಕಿವಿನೂ ಮಂದ ಆಗಬಹುದು. ಕಡೀ ಮಾತಿಗೆ ನನಗ ಎದಿ ಝಲ್ ಅಂತು. ಬೇಸೂರು ಹಾಡಿದರ ಕಿವ್ಯಾಗ ಕಾದ ಸೀಸ ಹೊಯ್ದಂಗ ಆತು ಅಂತ ಮೇಳದಾಗ ಚ್ಯಾಷ್ಟಿ ಮಾಡತೀವಿ. ಕಾಯಿಸದೇ, ದನಿ ಇಲ್ಲದೇ, ಕುಡಿಯೋ ನೀರಿನ್ಯಾಗ ಬಂದು ಕೂಸಿನ ಕಿವಿ ಮಂದ ಮಾಡತದ ಅಂದ್ರ? ಆ ಹುಡುಗಿ ಈಗಾಗಲೇ ನನ್ನ ತೊಡಿ ಮ್ಯಾಲೆ ಕುಂತು ತಪ್ಪದಂಗ ತಾಳ ಹಾಕತದ.

ಕುದಿಸಿದರ ಹೋಗತದೇನ್ರಿ ಅಂತ ಕೇಳಿದೆ. ಇಲ್ಲ. ಕುದಿಸಿದರ ನೀರು ಆರತದ, ಸೀಸ ಉಳೀತದ, ಇನ್ನಷ್ಟು ದಟ್ಟ ಆಗತದ. ಬಟ್ಟಿಯೊಳಗ ಸೋಸಿದರೂ ಹೋಗೂದಿಲ್ಲ, ಕರಗಿದ್ದು ಸೋಸಿ ಹ್ಯಾಂಗ ಬರಬೇಕು? ರುಚಿಯಿಂದನೂ ತಿಳಿಯೂದಿಲ್ಲ. ಮಾಸ್ತರು ಇನ್ನೊಂದು ಹೇಳಿದರು. ರೋಮ ದೇಶದಾಗ ಎರಡು ಸಾವಿರ ವರ್ಷದ ಹಿಂದೇ ಸೀಸದ ಪೈಪು ಇದ್ದವು, ವಿಟ್ರೂವಿಯಸ್ ಅನ್ನೋ ಅಲ್ಲಿನ ಪಂಡಿತ ಸೀಸದ ಕೆಲಸಗಾರರ ಬಿಳಚಿದ ಮುಖ ತೋರಿಸಿ, ಮಣ್ಣಿನ ಕೊಳವಿ ನೀರೇ ಛಲೋ ಅಂತ ಬರದಿದ್ದನಂತ. ಆಗ ನನಗ ವಿಜಾಪುರ ನೆನಪಾತು. ಅಲ್ಲಿ ಬೇಗಂ ತಲಾಬದಿಂದ ಊರೊಳಗ ನೀರು ತಂದದ್ದು ಮಣ್ಣಿನ ಕೊಳವ್ಯಾಗೇ. ನಡುನಡುವ ಕಟ್ಟಿದ ಗಂಜ್ ಇವತ್ತಿಗೂ ನಿಂತಾವ. (ಮಾಸ್ತರು ನಗಿಸಿದ್ದು ಒಂದೈತಿ: ನಮ್ಮ ಮಕ್ಕಳು ಶಿಸ್ಪೆನ್ಸಿಲ್ ಅಂತಾರಲ್ಲ, ಅದರಾಗ ಸೀಸ ಒಂದು ಚೂರೂ ಇಲ್ಲವಂತ, ಹೆಸರು ಮಾತ್ರ.)

ಮುದುಕರು ಮತ್ತೊಂದು ಎಚ್ಚರ ಕೊಟ್ಟಿದ್ದರು. ಹಳೇ ಪೈಪಿನ ಒಳಗ ವರ್ಷಾನುಗಟ್ಟಲೆ ಒಂದು ಪರಿ ಕೂತಿರತದ, ಅದೇ ನೀರಿಗೂ ಸೀಸಕ್ಕೂ ನಡುವಿನ ಗ್ವಾಡಿ. ಕಾಕ್ ತಿರುವಿ, ಪೈಪು ಅಲುಗಾಡಿಸಿದಾಗ ಅದು ಉದುರತದ. ಹಿಂಗಾಗಿ ದುರಸ್ತಿ ಆದ ಮ್ಯಾಲೆ ಕಾಕ್ ಒಮ್ಮಿಗಲೆ ತಗೀಬಾರದು, ಮೆಲ್ಲಕ ತಗೀಬೇಕು, ಬಹಳ ಹೊತ್ತು ನೀರು ಹರಿಸಬೇಕು, ನಳದ ಬಾಯಿಗೆ ಜಾಳಗಿ ಇದ್ದರ ಬಿಚ್ಚಿ ತೊಳೀಬೇಕು. ಅರ್ಧ ಪೈಪು ತಗದು ಅರ್ಧ ಹಂಗೇ ಬಿಡೋದು ಬ್ಯಾಡ, ಕೆಲವು ದಿವಸ ನೀರು ಇನ್ನೂ ಕೆಡತದ. ಬೀದಿಯಿಂದ ನಳದ ತನಕ ಪೂರಾ ಬದಲು ಮಾಡಬೇಕು.

ಮೂರು ದಿವಸಕ್ಕೊಮ್ಮೆ ನೀರು ಬರೋ ಊರಾಗ “ಬಹಳ ಹೊತ್ತು ಹರಿಸ್ರಿ” ಅನ್ನೋದು ಹೇಳಿದಷ್ಟು ಸುಲಭ ಅಲ್ಲ. ಮಗಳು ಬಾಜೂ ಮನಿಯವರನ್ನ ಕೂಡಿಸಿ ಹೇಳಿದಳು: ಮೊದಲ ನೀರು ಬಟ್ಟಿ, ಬಾಂಡೆ, ಪಾಯಖಾನಿಗೆ ಹಿಡಿಯೋಣ, ಕುಡಿಯೋದು ಕಡೀಕ. ಒಬ್ಬರು ಒಪ್ಪಿದರು. ಇನ್ನೊಬ್ಬರು “ನಮ್ಮ ಅತ್ತಿ ಎಂಬತ್ತು ವರ್ಷ ಇದೇ ನೀರು ಕುಡದಾಳ” ಅಂದರು. ಆ ಅತ್ತಿ ಎಷ್ಟು ಮಕ್ಕಳನ್ನ ಕಳಕೊಂಡಿದ್ದಳು ಅಂತ ಕೇಳಲಿಕ್ಕೆ ನನ್ನ ನಾಲಿಗಿ ತುದಿಗೆ ಬಂದಿತ್ತು, ಕೇಳಲಿಲ್ಲ. ಮಾಲಕರು ಪೈಪು ಬದಲು ಮಾಡೋ ಮಾತಿಗೆ ನೋಡೋಣ ಅಂದರು. ಅವರ ಅಪ್ಪನೂ ಹಂಗೇ ಅಂತಿದ್ದನಂತ.

ಅವತ್ತೇ ನಾನು ಮಗಳಿಗೆ ಚೀಲ ಕಟ್ಟು ಅಂದೆ. ಅಳಿಯ ಎದುರಾಡಲಿಲ್ಲ. ಬಸ್ಸಿನ ತನಕ ಚೀಲ ಹೊತ್ತು ತಂದವನು ಅವನೇ, ಇದನ್ನ ಕಟ್ಟಿ ಮ್ಯಾಲೆ ಕೂಡೋರು ಗಮನಿಸಬೇಕು. ಮೊಮ್ಮಗಳ ರಕ್ತ ಪರೀಕ್ಷೆ ಮಾಡಿಸಿದ್ವಿ. ಡಾಕ್ಟರು ಚೀಟಿ ನೋಡಿ, ಗಾಬರಿ ಆಗೋವಷ್ಟಿಲ್ಲ, ಆ ನೀರು ಮಾತ್ರ ಬ್ಯಾಡ, ಮೂರು ತಿಂಗಳಿಗೆ ಮತ್ತ ನೋಡೋಣ ಅಂದರು. ನಮ್ಮ ಬೋರಿನ ನೀರು ಸವುಳು, ಬ್ಯಾಳಿ ಬೇಯೂದಿಲ್ಲ ಅಂತ ಮಗಳು ದಿನಾ ಗೊಣಗತಾಳ. ಗೊಣಗಲಿ.

ಅಳಿಯ ಸುಮ್ಮನ ಕೂಡಲಿಲ್ಲ. ಬಾಜೂ ಇಬ್ಬರನ್ನ ಒಪ್ಪಿಸಿ ಖರ್ಚು ಅರ್ಧ ಬಾಡಿಗಿಯವರು, ಅರ್ಧ ಮಾಲಕರು ಅಂತ ಮಾತು ಮುಗಿಸಿದ. ಹೋದ ವಾರ ಆ ಮುದುಕರೇ ನಿಂತು ಬೀದಿಯಿಂದ ನಳದ ತನಕ ಹೊಸ ಪೈಪು ಹಾಕಿಸ್ಯಾರ. ತಗದ ಸೀಸ ಹದಿನೆಂಟು ಕಿಲೋ ತೂಗಿತಂತ. ಬಲಿ ಗುಂಡು ಮಾಡಲಿಕ್ಕೆ ಮನ್ಯಾಗ ಕಾಯಿಸತೀನಿ ಅಂತ ಒಬ್ಬ ಬಂದಿದ್ದ, ಅದರ ಹೊಗಿ ಇನ್ನೂ ಕೆಟ್ಟದ್ದು ಅಂತ ಹೇಳಿ ಮುದುಕರು ಅವನನ್ನ ಕಳಿಸ್ಯಾರ. ಭಂಗಾರದವ ಒಯ್ದ. ಮರಾಠಿ ಭಂಗಾರ, ನಮ್ಮ ಬಂಗಾರ ಅಲ್ಲ. ಅದರ ರೊಕ್ಕ ಪೂರಾ ಮಾಲಕರೇ ಇಟ್ಟುಕೊಂಡರಂತ.