ಪೂರ್ವಾಶ್ರಮದ ಮನೆಯಲ್ಲೊಂದು ಬಿನ್ನಹ

ಪಟ್ಟಾಧಿಕಾರವಾದ ಮೇಲೆ ಮಠಾಧಿಪತಿಗೆ ಅಕ್ಕ-ತಂಗಿ, ಅಣ್ಣ-ತಮ್ಮ ಎಂಬ ನಂಟುಗಳು ಉಳಿಯುವುದಿಲ್ಲವೆಂಬುದು ಪರಂಪರೆಯ ನಿಲುವು. ಬಿಟ್ಟುಬಂದ ಮನೆಯ ಒಳಸಂಗತಿಗಳಿಗೆ ನ್ಯಾಯ ಹೇಳಹೊರಟವನು ನ್ಯಾಯವನ್ನೂ ಕೆಡಿಸುತ್ತಾನೆ, ವೈರಾಗ್ಯವನ್ನೂ ಕೆಡಿಸಿಕೊಳ್ಳುತ್ತಾನೆ ಎಂದು ನಮ್ಮ ಹಿರಿಯ ಗುರುಗಳು ಎಚ್ಚರಿಸುತ್ತಿದ್ದರು. ಆ ಮಾತಿನಲ್ಲಿ ನಮಗೆ ಪೂರ್ಣ ವಿಶ್ವಾಸವಿದೆ. ಆದರೆ ಯಾವುದೇ ಭಕ್ತರ ಮನೆಯ ಮಗುವಿಗಾಗಿ ಆಡಬಹುದಾದ ಮಾತನ್ನು, ಆ ಮಗು ಪೂರ್ವಾಶ್ರಮದ ಮನೆಯದೆಂಬ ಒಂದೇ ಕಾರಣಕ್ಕೆ ನುಂಗಿಕೊಳ್ಳಬೇಕೆ? 2025ರ ಶ್ರಾವಣಮಾಸದಲ್ಲಿ ಈ ಪ್ರಶ್ನೆ ನಮ್ಮನ್ನು ಬಹುವಾಗಿ ಕಾಡಿತು.

ಪೂರ್ವಾಶ್ರಮದ ಅಕ್ಕನವರು ಕಮಲಾಪುರದಲ್ಲಿದ್ದಾರೆ. ಆ ನೆಲದ ಕೆಂಪು ಬಾಳೆಯನ್ನು ನಮ್ಮ ವಾಚಕರು ಬಲ್ಲರು; ಅದರ ತುಂಡು ತೋಟವೊಂದು ಅವರಿಗಿದೆ. ಮಗ ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಮನೆ ಮಾಡಿಕೊಂಡು, ತೊಗರಿಬೇಳೆಯ ಮಿಲ್ಲೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾನೆ. ಮೊಮ್ಮಗ ಒಂಬತ್ತನೆಯ ತರಗತಿಯ ವಿದ್ಯಾರ್ಥಿ. ನಮ್ಮನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಆ ಅಕ್ಕನವರು ಒಂದು ಸೋಮವಾರ ಮಠಕ್ಕೆ ಬಂದು, ಎಲ್ಲರಂತೆ ಸಾಲಿನಲ್ಲಿ ನಿಂತು ಪಾದಕ್ಕೆರಗಿ, ಕಣ್ಣೀರು ಹಾಕುತ್ತ ಹೇಳಿದರು: "ಅಪ್ಪಾಜಿ, ಹುಡುಗ ಬಾಯಿ ಬಿಟ್ಟು ನಗೂದ ಬಿಟ್ಟಾನ್ರಿ. ನೀವು ಒಂದ್ ಮಾತು ಹೇಳ್ರಿ. ನಾ ಹೇಳೀನಂತ ಮಾತ್ರ ಹೇಳಬ್ಯಾಡ್ರಿ."

ಅವರು ಹೇಳಿದ ವಿವರಗಳು ಇಂತಿದ್ದವು. ಬೆಳಗಿನ ನಾಲ್ಕು ಗಂಟೆಗೆ ಏಳುವುದು. ಗೋಡೆಯ ಮೇಲೆ ಅರ್ಧ ಗಂಟೆಗೊಂದರಂತೆ ಬರೆದ ವೇಳಾಪಟ್ಟಿ. ಓಣಿಯ ಹುಡುಗರೊಡನೆ ಆಟ ನಿಷಿದ್ಧ. ರಜೆಯಲ್ಲಿ ಕಮಲಾಪುರಕ್ಕೆ ಬರುವುದೂ ನಿಷಿದ್ಧ. ಅಂಕ ಕಡಿಮೆಯಾದರೆ ತಂದೆ ಎಂಟೆಂಟು ದಿನ ಮಗನೊಡನೆ ಮಾತಾಡುವುದಿಲ್ಲ. ಒಮ್ಮೆ ಬೆಲ್ಟಿನಿಂದ ಹೊಡೆದದ್ದೂ ಉಂಟು. ಕೊನೆಗೆ, ಇದೇನೂ ದೊಡ್ಡದಲ್ಲವೆಂಬಂತೆ, ಮತ್ತೊಂದು ಸಂಗತಿ ಬಂತು: ಕಳೆದುಹೋದ ಪ್ರತಿ ಅಂಕಕ್ಕೂ ಇಂತಿಷ್ಟು ಹೆಚ್ಚು ಹೊತ್ತು ಇಷ್ಟಲಿಂಗಪೂಜೆಗೆ ಕೂರಬೇಕು, ಅದು ಮುಗಿಯುವವರೆಗೆ ಪ್ರಸಾದವಿಲ್ಲ.

ತಂದೆಯನ್ನು ಕ್ರೂರಿಯೆಂದು ಬರೆದುಬಿಡುವುದು ಸುಲಭ, ಅದು ಸತ್ಯವಲ್ಲ. ಅವನು ಪಿ.ಯು.ಸಿ. ಮುಗಿಸಿದ ಕಾಲದಲ್ಲಿ ಒಳ್ಳೆಯ ಅಂಕವಿದ್ದೂ ವೃತ್ತಿಶಿಕ್ಷಣದ ಸೀಟು ಅವನಿಗೆ ಎಟುಕಲಿಲ್ಲ. 2012ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನದ 371(ಜೆ) ವಿಧಿಯಿಂದ ಈ ಭಾಗದ ಮಕ್ಕಳಿಗೆ ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮೀಸಲು ಸ್ಥಾನಗಳು ದೊರೆತವು. ತನಗೆ ಮುಚ್ಚಿದ್ದ ಬಾಗಿಲು ಮಗನಿಗೆ ತೆರೆದಿದೆ, ಅವನು ಹೊಸ್ತಿಲಲ್ಲಿ ಎಡವಬಾರದು ಎಂಬುದು ಅವನ ತಹತಹ. ಅದರ ಮೇಲೆ 2025ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ಶೇಕಡಾ 42ರಷ್ಟು ಉತ್ತೀರ್ಣತೆಯೊಡನೆ ರಾಜ್ಯದ ಕಟ್ಟಕಡೆಯ ಸ್ಥಾನದಲ್ಲಿತ್ತು. ಇಂಥ ಊರಿನಲ್ಲಿ ಮಗನನ್ನು ಓದಿಸುವ ತಂದೆಗೆ ನಿದ್ರೆ ಬಾರದಿದ್ದರೆ ಅದು ಆಶ್ಚರ್ಯವಲ್ಲ.

ಹಾಗಾದರೆ ಸುಮ್ಮನಿರುವುದೇ ಯುಕ್ತವೆ? ಐದು ವರ್ಷ ಲಾಲಿಸು, ಮುಂದಿನ ಹತ್ತು ವರ್ಷ ದಂಡಿಸು, ಹದಿನಾರು ತುಂಬಿದ ಮಗನನ್ನು ಮಿತ್ರನಂತೆ ಕಾಣು ಎಂಬರ್ಥದ ಸಂಸ್ಕೃತ ಸುಭಾಷಿತವನ್ನು ಪಾಠಶಾಲೆಯಲ್ಲಿ ನಾವೂ ಕಂಠಪಾಠ ಮಾಡಿದವರೇ. ನಮ್ಮ ಗೃಹಸ್ಥರು ಅದರ ನಡುವಣ ಭಾಗವನ್ನಷ್ಟೇ ನೆನಪಿಟ್ಟುಕೊಂಡದ್ದು ವಿಚಿತ್ರ! ದಂಡಿಸಿದ ಹತ್ತು ವರ್ಷಗಳಲ್ಲಿ ಮಗನ ಮನಸ್ಸು ಬಾಡಿಹೋದರೆ ಹದಿನಾರನೆಯ ವರ್ಷದಲ್ಲಿ ಮಿತ್ರನಾಗಿ ಬರುವವನು ಯಾರು? ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅಮೆರಿಕೆಯ ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್ರಿಂಡ್ ಅವರ ವಿಚಾರಗಳ ಪರಿಚಯವಾಯಿತು. 1960ರ ದಶಕದಲ್ಲಿ ಅವರು ತಂದೆತಾಯಿಗಳ ರೀತಿಗಳನ್ನು ವಿಂಗಡಿಸುವಾಗ, ಕಟ್ಟುನಿಟ್ಟನ್ನೇ ದೋಷವೆಂದು ಹೇಳಲಿಲ್ಲ. ಕಾರಣವನ್ನು ತಿಳಿಸಿ, ಮಗುವಿನ ಮಾತನ್ನೂ ಕೇಳಿ, ಮಮತೆಯಿಂದ ಹಾಕಿದ ಕಟ್ಟು ಬೇರೆ. ಕಾರಣ ಕೇಳಬಾರದು, ಹೇಳಿದಷ್ಟು ಮಾಡು ಎಂಬ ಕಟ್ಟು ಬೇರೆ ಎಂದರು. ಈ ಭೇದ ತಿಳಿಯಲು ಅಮೆರಿಕೆಗೆ ಹೋಗಬೇಕಾಗಿಲ್ಲವೆನ್ನಿ; ಗೊನೆಯ ಭಾರಕ್ಕೆ ವಾಲುವ ಬಾಳೆಗೆ ಊರೆಗೋಲು ಕೊಡುವ ಕಮಲಾಪುರದ ರೈತನೂ ಕೋಲು ಎಲ್ಲಿ ತಾಗಬೇಕು, ಎಲ್ಲಿ ತಾಗಬಾರದೆಂದು ಬಲ್ಲ.

ಕಾನೂನನ್ನೂ ನೋಡಿದೆವು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಅದು ಮನೆಯ ಹೊಸ್ತಿಲು ದಾಟುವುದಿಲ್ಲ. ಸ್ವೀಡನ್ ದೇಶ 1979ರಲ್ಲಿಯೇ ತಂದೆತಾಯಿಗಳು ಹೊಡೆಯುವುದನ್ನೂ ನಿಷೇಧಿಸಿತು. ನಮ್ಮಲ್ಲಿ 2015ರ ಬಾಲನ್ಯಾಯ ಕಾಯ್ದೆಯ 75ನೆಯ ಕಲಮು, ಮಗುವಿನ ಹೊಣೆ ಹೊತ್ತವರೇ ಕ್ರೌರ್ಯವೆಸಗಿದರೆ ಅದನ್ನು ಅಪರಾಧವೆಂದು ಎಣಿಸುತ್ತದೆ. 1098 ಎಂಬ ಮಕ್ಕಳ ಸಹಾಯವಾಣಿಯೂ ಇದೆ. ಹೊಡೆತ ನಿತ್ಯದ ರೂಢಿಯಾಗಿದ್ದರೆ ಮಠಾಧಿಪತಿಯಾಗಲಿ, ನೆರೆಯವರಾಗಲಿ ಯೋಚಿಸುತ್ತ ಕೂರುವ ಪ್ರಮೇಯವೇ ಇಲ್ಲ. ಇಲ್ಲಿ ಅದು ಒಮ್ಮೆ ನಡೆದದ್ದು. ಆದ್ದರಿಂದಲೇ ನಿರ್ಣಯ ಕಠಿಣವಾಯಿತು.

ವೇಳಾಪಟ್ಟಿಯನ್ನು ಕುರಿತು ಮಾತಾಡಲು ನಮಗೆ ಅಧಿಕಾರವಿದೆಯೆಂದು ಅನ್ನಿಸಲಿಲ್ಲ. ಅದು ತಂದೆತಾಯಿಗಳ ವಿವೇಚನೆ. ಸೋದರಮಾವನೆಂಬ ಅಧಿಕಾರವನ್ನಂತೂ ಕಾವಿ ತೊಟ್ಟಂದೇ ಕಳಚಿಟ್ಟಿದ್ದೇವೆ. ಆದರೆ ಲಿಂಗಪೂಜೆ? ಆ ಬಾಲಕನಿಗೆ ದೀಕ್ಷೆಯಿತ್ತವರು ನಾವೇ. ಅಂಗೈಯಲ್ಲಿ ಲಿಂಗವನ್ನಿಟ್ಟಾಗ ಅವನು ಪಿಳಿಪಿಳಿ ಕಣ್ಣು ಬಿಟ್ಟು ನಕ್ಕಿದ್ದು ಇನ್ನೂ ನೆನಪಿದೆ. ಆ ಲಿಂಗವನ್ನೇ ದಂಡನೆಯ ಸಾಧನವನ್ನಾಗಿ ಮಾಡಿದರೆ ಕೇಳುವ ಹಕ್ಕು, ಹಕ್ಕಲ್ಲ, ಕರ್ತವ್ಯವೇ ದೀಕ್ಷಾಗುರುವಿನದು. ಅಕ್ಕನವರು ಸಣ್ಣದೆಂದು ಕಡೆಗೆ ಹೇಳಿದ ಸಂಗತಿಯೇ ನಮಗೆ ಒಳಹೋಗುವ ಬಾಗಿಲಾಯಿತು.

ಆ ಮನೆಯಿಂದ ಶ್ರಾವಣದ ಬಿನ್ನಹವಿತ್ತು. ಪಾದಪೂಜೆಯ ಹೊತ್ತಿಗೆ ಓಣಿಯ ಭಕ್ತರೆಲ್ಲ ಸೇರಿದ್ದರು. ಆಶೀರ್ವಚನದಲ್ಲಿ ಈ ವಿಷಯವನ್ನು ಪರೋಕ್ಷವಾಗಿಯೂ ಎತ್ತಬಾರದೆಂದು ಮೊದಲೇ ನಿಶ್ಚಯಿಸಿದ್ದೆವು. ಹತ್ತು ಜನರೆದುರು ತಲೆ ತಗ್ಗಿಸಿದ ತಂದೆ ಅದರ ಬೆಲೆಯನ್ನು ಆ ರಾತ್ರಿ ಮಗನಿಂದಲೇ ವಸೂಲು ಮಾಡುವ ಸಂಭವವಿರುತ್ತದೆ. ಪ್ರಸಾದವಾದ ಬಳಿಕ ಅವನೊಬ್ಬನನ್ನೇ ಮಾಳಿಗೆಗೆ ಕರೆದೆವು. ಅಕ್ಕನವರ ಹೆಸರೆತ್ತಲಿಲ್ಲ, ಅಂದು ಬೆಳಿಗ್ಗೆ ಬಾಲಕ ಪೂಜೆಗೆ ಕುಳಿತಾಗ ಅವನ ಕೈ ನಡುಗಿದ್ದನ್ನು ನಾವೇ ಕಂಡಿದ್ದೆವು, ಅಲ್ಲಿಂದಲೇ ಮಾತು ತೆಗೆದೆವು.

ಬಹಳ ಹೊತ್ತು ಸುಮ್ಮನಿದ್ದು ಅವನೆಂದ: "ಸಿಟ್ಟಾಗಬ್ಯಾಡ್ರಿ ಅಪ್ಪಾಜಿ. ನಿಮಗ ಮಕ್ಕಳಿಲ್ಲ. ನಾಳಿ ಇವ ನನ್ನಂಗ ಗುಮಾಸ್ತ ಆದ್ರ ಯಾರು ಹೊಣಿ?"

ಮಾತು ತಾಗಿತು, ಆದರೆ ಅದರಲ್ಲಿ ಉದ್ಧಟತನವಿರಲಿಲ್ಲ, ಅಂಜಿಕೆಯಿತ್ತು. ಮಠದ ಪ್ರಸಾದನಿಲಯದ ಹುಡುಗರನ್ನು ಇಷ್ಟು ವರ್ಷ ಕಂಡಿದ್ದೇವೆ, ಅಂಜಿ ಓದಿದವನು ಪರೀಕ್ಷೆಯ ಕೋಣೆಯಲ್ಲಿ ಓದಿದ್ದನ್ನೇ ಮರೆಯುವುದನ್ನೂ ಕಂಡಿದ್ದೇವೆ ಎಂದೆವು. ಬಸವಣ್ಣನವರು ಎಳೆಯ ವಯಸ್ಸಿನಲ್ಲಿ ಉಪನಯನವನ್ನೊಪ್ಪದೆ ತಂದೆಯ ಮನೆಯಿಂದ ಹೊರನಡೆದರೆಂಬ ಪರಂಪರೆಯ ಕಥೆಯನ್ನು ನೆನಪಿಸಿದೆವು. "ಮನೆ ಬಿಟ್ಟ ಅವರಿಗೆ ಕೂಡಲಸಂಗಮವಿತ್ತಪ್ಪ, ಗುರುವಿದ್ದರು. ಖೂಬಾ ಪ್ಲಾಟಿನಿಂದ ಹೊರಬಿದ್ದ ಹುಡುಗನಿಗೆ ಇರುವುದು ರೈಲ್ವೆ ಸ್ಟೇಷನ್. ಮುಂಬಯಿಯ ಗಾಡಿಗಳೆಲ್ಲ ಅಲ್ಲಿ ನಿಲ್ಲುತ್ತವೆ" ಎಂದಾಗ ಅವನ ಮುಖ ಬಿಳಿಚಿತು. ಬಳಿಕ ಹೇಳಿದ್ದು ಒಂದೇ ಆಜ್ಞೆ: ಲಿಂಗಪೂಜೆಗೂ ಅಂಕಪಟ್ಟಿಗೂ ಸಂಬಂಧ ಕೂಡದು, ಹಸಿವಿಗೂ ಅಂಕಪಟ್ಟಿಗೂ ಕೂಡದು. ಬೆಲ್ಟಿನ ವಿಷಯವನ್ನು ನಾವು ಎತ್ತದೆಯೇ ಅವನೇ ಎತ್ತಿದ, ಇನ್ನೆಂದೂ ಆಗದೆಂದ. ಉಳಿದುದನ್ನು ಅವನ ವಿವೇಚನೆಗೇ ಬಿಟ್ಟೆವು.

ಈ ಬರಹವನ್ನು ಅವನಿಗೆ ಓದಿಸಿ, ಒಪ್ಪಿಗೆ ಪಡೆದೇ ಅಚ್ಚಿಗೆ ಕೊಟ್ಟಿದ್ದೇವೆ. ಗುರುತು ಹತ್ತಬಾರದೆಂದು ಒಂದೆರಡು ವಿವರಗಳನ್ನು ಬದಲಿಸಿದ್ದೂ ಇದೆ. ಓದಿ ಅವನು ಒಂದೇ ತಿದ್ದುಪಡಿ ಸೂಚಿಸಿದ: ಏಳುವ ಹೊತ್ತು ಈಗ ನಾಲ್ಕಲ್ಲ, ಐದು. ವೇಳಾಪಟ್ಟಿ ಗೋಡೆಯ ಮೇಲೆ ಹಾಗೆಯೇ ಇದೆ. ದೀಪಾವಳಿಗೆ ನಾಲ್ಕು ದಿನ ಬಾಲಕನನ್ನು ಕಮಲಾಪುರಕ್ಕೆ ಕಳಿಸಿದ್ದರಂತೆ. ಅಲ್ಲಿಂದ ಅಜ್ಜಿಯ ಕೈಯಲ್ಲಿ ಮಠಕ್ಕೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಬಂತು. ಹಣ್ಣಿನ ಜೊತೆಗಿದ್ದ ಚೀಟಿಯಲ್ಲಿ "ಪೂಜ್ಯ ಅಪ್ಪಾಜಿಯವರಿಗೆ" ಎಂದು ಬರೆದು, ಅದನ್ನು ಹೊಡೆದುಹಾಕಿ, ಕೆಳಗೆ "ಮುತ್ಯಾಗ" ಎಂದು ಬರೆದಿತ್ತು.