ಕೀ ಕೊಟ್ಟರೆ ಹಾಡುವ ಸೀಮೆ

ಹಳೆಯ ಗ್ರಾಮಫೋನು, ರೇಡಿಯೊಗ್ರಾಂ ಹುಡುಕುವವರು ಚಿಕ್ಕಪೇಟೆಯ ಭಾನುವಾರದ ಸಂತೆಗೋ ಮುಂಬಯಿಯ ಚೋರ್ ಬಜಾರಿಗೋ ಹೋಗುತ್ತಾರೆ. ಕೊಳ್ಳೇಗಾಲಕ್ಕೆ ಯಾರೂ ಹೋಗುವುದಿಲ್ಲ. ಹೋಗಲೇಬೇಕು ಎಂದು ಹಟ ಹಿಡಿದವನು ಜೊತೆಗಿದ್ದ ಮೆಕ್ಯಾನಿಕ್ ಮಿತ್ರ. ವಾಲ್ವ್ ರೇಡಿಯೊ ಬಿಚ್ಚುತ್ತಲೇ ತಲೆ ನರೆಸಿಕೊಂಡವನು. ಅವನ ಲೆಕ್ಕ ಸರಳ: “ಮಲೆನಾಡಲ್ಲಿ ಬೂಷ್ಟು ತಿನ್ನುತ್ತೆ, ಕರಾವಳಿಯಲ್ಲಿ ತುಕ್ಕು ತಿನ್ನುತ್ತೆ. ಕೊಳ್ಳೇಗಾಲದ ಕಡೆ ತಿನ್ನೋಕೆ ದೂಳೊಂದೇ. ದೂಳು ಒರೆಸಿದರೆ ಹೋಯ್ತಲ್ಲ!”

ಮಾತಿನಲ್ಲಿ ಹುರುಳಿತ್ತು. 1950-60ರ ದಶಕದ ಎಷ್ಟೋ ರೆಕಾರ್ಡ್ ಪ್ಲೇಯರುಗಳ ಪಿಕಪ್ಪಿನೊಳಗೆ ಇರುವುದು ರೋಶೆಲ್ ಸಾಲ್ಟ್ ಎಂಬ ಉಪ್ಪಿನ ಹರಳು. ಸೂಜಿಯ ನಡುಕವನ್ನು ಅದೇ ಕರೆಂಟ್ ಮಾಡುತ್ತದೆ. ಉಪ್ಪು ತಾನೆ, ತೇವ ತಗುಲಿದರೆ ಕೆಡುತ್ತದೆ. ತೀರ್ಥಹಳ್ಳಿಯ ಮಳೆಯಲ್ಲಿ ಅದು ಉಳಿಯುವುದಿಲ್ಲ. ಮಳೆ ಮೋಡ ಬೆಟ್ಟದ ಆಚೆಯೇ ಖಾಲಿಯಾಗಿಬಿಡುವ ಹನೂರಿನಲ್ಲಿ ಉಳಿದಿದ್ದರೂ ಉಳಿದಿರಬಹುದು.

ಸತ್ತೇಗಾಲದ ಹತ್ತಿರ ಕಾವೇರಿ ದಾಟುವಾಗ ನನಗೆ ಹೊಳೆದದ್ದು ಇನ್ನೊಂದು ಸಂಗತಿ. ಈ ನದಿಯ ಮೈಸೂರು ದಡದಲ್ಲಿ, ಶಿವನಸಮುದ್ರದಲ್ಲಿ, 1902ರಲ್ಲೇ ವಿದ್ಯುತ್ ಹುಟ್ಟಿತು. ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ಓಡಿ ಕೋಲಾರದ ಚಿನ್ನದ ಗಣಿ ಸೇರಿತು. ಅದೇ 1902ರಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಕ್ಕೆ ಬಂದು ಗೌಹರ್ ಜಾನಳ ಹಾಡನ್ನು ಪ್ಲೇಟಿಗೆ ಇಳಿಸಿದ. ಆಗ ಕೊಳ್ಳೇಗಾಲ ಇದ್ದದ್ದು ಮೈಸೂರಿನಲ್ಲಲ್ಲ, ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿ. ಅರ್ಧ ಗಂಟೆ ದಾರಿಯ ಯಳಂದೂರು ಮಾತ್ರ ಮೈಸೂರು ಸಂಸ್ಥಾನದ್ದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಊರು. 1956ರ ನವೆಂಬರ್ 1ರವರೆಗೆ ಎರಡೂ ಊರುಗಳ ಸರ್ಕಾರ ಬೇರೆ. ಹಾಡಿನ ಪೆಟ್ಟಿಗೆಗಳೂ ಬೇರೆ ಬೇರೆ ದಾರಿಯಲ್ಲಿ ಬಂದಿರಬೇಕಲ್ಲ?

ಕೊಳ್ಳೇಗಾಲದ ದೇವಾಂಗರ ಬೀದಿಯೊಂದರಲ್ಲಿ, ಲಾಳಿಯ ಸದ್ದು ಕೇಳುತ್ತಿದ್ದ ಒಂದು ಮನೆಯ ಅಟ್ಟದಿಂದ ಟ್ರಂಕು ಇಳಿಯಿತು. ಟ್ರಂಕಿನೊಳಗೆ ಮಾಸಿದ ರೇಷ್ಮೆ ವಸ್ತ್ರದಲ್ಲಿ ಸುತ್ತಿಟ್ಟ ಕಪ್ಪು ಪೆಟ್ಟಿಗೆ. ಅಜ್ಜಿ ಗಂಟು ಬಿಚ್ಚುವ ಮೊದಲೇ ಮಿತ್ರ ಉಸಿರು ಬಿಗಿಹಿಡಿದಿದ್ದ. ಮುಚ್ಚಳ ಎತ್ತಿದರೆ ನಾಯಿಯ ಗುರುತು: ಎಚ್‌ಎಂವಿ 102, ಕೈಯಲ್ಲಿ ಹಿಡಿದು ಒಯ್ಯುವ ಮಾದರಿ. ಕೀ ಕೊಡುವ ಹಿಡಿ ಒಳಗೇ ತನ್ನ ಜಾಗದಲ್ಲಿ ಸಿಕ್ಕಿಸಿಕೊಂಡು ಕೂತಿತ್ತು. ಮೂಲೆಯ ಪುಟ್ಟ ಬಟ್ಟಲನ್ನು ಹೊರಕ್ಕೆ ತಿರುಗಿಸಿದರೆ ಮುಕ್ಕಾಲು ತುಂಬಿದ ಉಕ್ಕಿನ ಸೂಜಿ. ಒಂದು ಮಗ್ಗುಲು ಹಾಡಿಸಿದ ಮೇಲೆ ಸೂಜಿ ಬದಲಿಸಬೇಕು, ಇಲ್ಲವಾದರೆ ಪ್ಲೇಟು ಸವೆಯುತ್ತದೆ. ಇದು ಆ ಕಾಲದ ಶಿಸ್ತು. ಈ ಮನೆಯಲ್ಲಿ ಬಳಸಿದ ಸೂಜಿಗೆ ಬೇರೆಯೇ ತಗಡಿನ ಡಬ್ಬಿ ಇತ್ತು! ಇಂಥ ಮನೆಯಲ್ಲಿ ಯಂತ್ರ ಕೆಡುವುದಾದರೂ ಹೇಗೆ?

“ನಮ್ಮತ್ತೆ ಮುಟ್ಟಕ್ಕೇ ಬುಡ್ತಿರ್ನಿಲ್ಲ ಕನಪ್ಪ. ಅವ್ರು ಹೋದ್ ಮೇಲ ನಂಗ ಮುಟ್ಟಕ ಭಯ,” ಅಂದರು ಅಜ್ಜಿ. ಒಳ್ಳೆಯ ಸ್ಥಿತಿಯ ಪೆಟ್ಟಿಗೆ ಬೇಕಿದ್ದರೆ ಗಟ್ಟಿ ಅತ್ತೆಯಿದ್ದ ಮನೆ ಹುಡುಕಬೇಕು ಎಂದು ಮಿತ್ರ ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

ವಯಸ್ಸು ಹೇಳುವುದು ಹೇಗೆ? 102 ಮಾದರಿ 1931ರಲ್ಲಿ ಶುರುವಾಗಿ 1950ರ ದಶಕದ ಕೊನೆಯ ತನಕ ಬಂತು. ಮಾದರಿಯ ನಂಬರಿನಿಂದ ಇಸವಿ ಸಿಗುವುದಿಲ್ಲ. ಕಣ್ಣಿಡಬೇಕಾದದ್ದು ತೋಳಿನ ತುದಿಯ ಸೌಂಡ್‌ಬಾಕ್ಸಿನ ಮೇಲೆ. ಮೊದಮೊದಲ ಪೆಟ್ಟಿಗೆಗಳಿಗೆ 16ನೇ ನಂಬರಿನದು, ಆಮೇಲಿನವಕ್ಕೆ 5ಎ, 5ಬಿ. ನಮ್ಮದರ ಮೇಲೆ 5ಎ ಎಂದಿತ್ತು. ಹಾಗಾದರೆ ತೀರಾ ಮೊದಲ ಕಂತಿನದಲ್ಲ. ಇಷ್ಟಕ್ಕೇ ನೆಚ್ಚಿಕೊಳ್ಳುವಂತೆಯೂ ಇಲ್ಲ, ರಿಪೇರಿಯವರು ಸೌಂಡ್‌ಬಾಕ್ಸ್ ಬದಲಿಸಿಬಿಡುತ್ತಾರೆ. ಮಿತ್ರ ತಿರುಪು ಬಿಚ್ಚಿ ತಟ್ಟೆಯ ಕೆಳಗಿನ ಮೋಟರು ತೋರಿಸಿದ. ಸ್ಪ್ರಿಂಗಿನ ಡಬ್ಬಿಯ ಗ್ರೀಸು ಗಟ್ಟಿಯಾಗಿ ಕಪ್ಪುಬೆಲ್ಲದ ಹಾಗಿತ್ತು. ತಿರುಪುಗಳ ಸೀಳಿನಲ್ಲಿ ಸ್ಕ್ರೂಡ್ರೈವರಿನ ಒಂದು ಗೀರೂ ಇಲ್ಲ. ಯಾರೂ ಬಿಚ್ಚಿಲ್ಲ ಅನ್ನುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಮುಚ್ಚಳದೊಳಗೆ ಮದರಾಸಿನ ಮೌಂಟ್ ರೋಡಿನ ಅಂಗಡಿಯೊಂದರ ಚೀಟಿ, ಕೆಳಗಿದ್ದ ಪ್ಲೇಟುಗಳಲ್ಲಿ ಒಡಿಯನ್ ಕಂಪನಿಯವೂ ಇದ್ದವು. ದಕ್ಷಿಣದಲ್ಲಿ ಒಡಿಯನ್ ಪ್ಲೇಟುಗಳನ್ನು ಮಾರುತ್ತಿದ್ದದ್ದು ಮದರಾಸಿನ ಸರಸ್ವತಿ ಸ್ಟೋರ್ಸ್. ಮುಂದೆ ಎವಿಎಂ ಸ್ಟುಡಿಯೊ ಕಟ್ಟಿದ ಎ.ವಿ. ಮೇಯಪ್ಪನ್ ಪ್ಲೇಟಿನ ವ್ಯಾಪಾರ ಮಾಡಿದ್ದು ಅಲ್ಲೇ. ಕನ್ನಡದ ಮಗ್ಗದ ಮನೆಗೆ ಹಾಡು ಬಂದದ್ದು ಮದರಾಸಿನ ದಾರಿಯಿಂದ.

ಎಣ್ಣೆ ಬಿಟ್ಟು, ನಿಧಾನಕ್ಕೆ ಕೀ ಕೊಟ್ಟೆವು. ವೇಗವನ್ನು ಹಿಡಿತದಲ್ಲಿಡುವ ಗವರ್ನರಿನ ಮೂರು ಗುಂಡುಗಳು ಮೊದಲು ತೂಗಾಡಿ, ಆಮೇಲೆ ರೆಕ್ಕೆ ಬಿಚ್ಚಿ ಗಿರ್ರನೆ ಸುತ್ತಿದವು. ಸೂಜಿ ಇಳಿಯಿತು. ಕರೆಂಟಿಲ್ಲ, ಆಂಪ್ಲಿಫೈಯರಿಲ್ಲ, ವೈರಿನ ತುಂಡೂ ಇಲ್ಲ. ಒಂದು ಉಕ್ಕಿನ ಮೊನೆ ಗೀರಿನಲ್ಲಿ ನಡುಗಿ, ತೆಳ್ಳನೆಯ ಅಲ್ಯುಮಿನಿಯಂ ಹಾಳೆ ನಡುಗಿ, ಪೆಟ್ಟಿಗೆಯೊಳಗೇ ಮಡಚಿಟ್ಟ ಕೊಂಬಿನಿಂದ ನಾಟಕದ ಗಂಡಸೊಬ್ಬನ ಏರುದನಿ ಹೊರಬಿದ್ದು ಬೀದಿಯ ತನಕ ಹೋಯಿತು. ಪಕ್ಕದ ಮನೆಯ ಮಗ್ಗ ನಿಂತು, ನೇಯುತ್ತಿದ್ದವರೇ ಬಾಗಿಲಿಗೆ ಬಂದು ನಿಂತರು. ಆ ಪ್ಲೇಟು ಮಾಡಿದ್ದು ಅರಗಿನಿಂದ, ಅದಕ್ಕೆ ಬೆರೆಸಿದ ನುಣ್ಣನೆಯ ಕಲ್ಲುಪುಡಿಯಿಂದ. ಪಾಂಡವರನ್ನು ಸುಡಲು ಮನೆ ಕಟ್ಟಿದ ಅದೇ ಅರಗು, ಮೂರು ನಿಮಿಷದ ದನಿಯನ್ನು ಇಷ್ಟು ಕಾಲ ಕಾದಿಟ್ಟಿತ್ತು!

ಪೇಟೆಯ ಹಳೇ ಸಾಮಾನಿನ ಅಂಗಡಿಯಲ್ಲಿ ಫಳಫಳ ಹೊಳೆಯುವ ಹಿತ್ತಾಳೆ ಕೊಂಬಿನ ಗ್ರಾಮಫೋನೊಂದನ್ನು ತೋರಿಸಿ, 1890ರದು ಎಂದರು. ಕೊಂಬಿನ ಬುಡದಲ್ಲಿ ನಾಯಿಯ ಚಿತ್ರ. ಫ್ರಾನ್ಸಿಸ್ ಬರೋ ಬರೆದ ಆ ಚಿತ್ರ ಗ್ರಾಮಫೋನ್ ಕಂಪನಿಯ ಕೈಗೆ ಬಂದದ್ದೇ 1899ರಲ್ಲಿ. ಹೊಸ ಮರಕ್ಕೆ ಪಾಲಿಷ್ ಹೊಡೆದು, ತೆಳು ಹಿತ್ತಾಳೆ ಬಡಿದು ಮಾಡಿದ ಇಂಥ ಪೆಟ್ಟಿಗೆಗಳು ದೇಶದ ತುಂಬ ಇವೆ, ಹೋಟೆಲಿನ ಹಜಾರಕ್ಕೆ ಚೆನ್ನ. ನಾವು ಟೀ ಕುಡಿದು ಹೊರಟೆವು.

ಯಳಂದೂರಿಗೆ ಬಂದರೆ ಗೌರೀಶ್ವರ ದೇವಾಲಯದ ಬಳೆಮಂಟಪದ ಕಲ್ಲಿನ ಬಳೆಗಳನ್ನು ನೋಡದೆ ಮುಂದೆ ಹೋಗಲಾಗದು. ಅದೇ ಬೆರಗಿನಲ್ಲಿ ನಿವೃತ್ತ ಮೇಷ್ಟರೊಬ್ಬರ ನಡುಮನೆಗೆ ಕಾಲಿಟ್ಟರೆ, ಗೋಡೆಗೆ ಆನಿಸಿದ ತೇಗದ ರೇಡಿಯೊಗ್ರಾಂ: ಎಡಕ್ಕೆ ರೇಡಿಯೊ, ಬಲಕ್ಕೆ ಮುಚ್ಚಳ ಎತ್ತಿದರೆ ರೆಕಾರ್ಡ್ ಚೇಂಜರ್. ಇಲ್ಲಿ ನಮ್ಮ ಪತ್ತೇದಾರಿಕೆಗೆ ಹಬ್ಬ. ಡಯಲಿನ ಗಾಜಿನ ಮೇಲೆ ಊರುಗಳ ಹೆಸರು ಅಚ್ಚಾಗಿರುತ್ತದಲ್ಲ, ಅದರಲ್ಲಿ ಬೆಂಗಳೂರು ಇತ್ತು. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ‘ಆಕಾಶವಾಣಿ’ ಬೆಂಗಳೂರಿಗೆ ಹೋದದ್ದು 1955ರಲ್ಲಿ. ಅಂದಮೇಲೆ ಈ ಗಾಜು ಅದಕ್ಕಿಂತ ಹಳೆಯದಲ್ಲ. ಚೇಂಜರಿನ ಗುಂಡಿಯಲ್ಲಿ 78ರ ಜೊತೆಗೆ 45, 33 ಕೂಡ ಇದ್ದವು. ಪಿಕಪ್ಪಿನ ತುದಿ ತಿರುಗಿಸಿದರೆ ಒಂದು ಕಡೆ ಅರಗಿನ ಪ್ಲೇಟಿಗೆ ದಪ್ಪ ಸೂಜಿ, ಇನ್ನೊಂದು ಕಡೆ ಎಲ್‌ಪಿಗೆ ಸಣ್ಣ ಸೂಜಿ. ಎರಡು ಕಾಲಗಳ ನಡುವೆ ಕಾಲಿಟ್ಟು ನಿಂತ ಯಂತ್ರ. ಹಿಂಬದಿಯ ಹಲಗೆ ತೆಗೆದರೆ ಒಂಬತ್ತು ಕಡ್ಡಿಯ ಸಣ್ಣ ವಾಲ್ವುಗಳು, ಇಎಲ್84 ಸಹಿತ.

ಇಷ್ಟು ಓದಿ “ಐವತ್ತರ ದಶಕದ ಕೊನೆ, ಇಲ್ಲವೇ ಅರವತ್ತರ ಆರಂಭ,” ಎಂದು ಮಿತ್ರ ತೀರ್ಪು ಕೊಟ್ಟ. ಮೇಷ್ಟರು ನಕ್ಕು, ಬೀರುವಿನಿಂದ ಒಂದು ಸಣ್ಣ ಪುಸ್ತಕ ತಂದರು. ರೇಡಿಯೊ ಲೈಸೆನ್ಸು! ಆಗ ರೇಡಿಯೊ ಇಟ್ಟುಕೊಳ್ಳಲು ಪೋಸ್ಟಾಫೀಸಿನಲ್ಲಿ ಹಣ ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು, ವರ್ಷವರ್ಷವೂ ನವೀಕರಿಸಬೇಕಿತ್ತು. ಅದು ರದ್ದಾದದ್ದು 1980ರ ದಶಕದಲ್ಲಿ. ಪುಟಪುಟಕ್ಕೂ ಸ್ಟಾಂಪು, ಸ್ಟಾಂಪಿನ ಮೇಲೆ ಅಂಚೆಯ ಮೊಹರು, ಮೊಹರಿನಲ್ಲಿ ತಾರೀಖು. ಮೊದಲ ಮೊಹರು 1961ರದು. ಹಳೇ ರೇಡಿಯೊ ಕೊಳ್ಳುವವರಿಗೆ ನಾನು ಹೇಳುವುದಿಷ್ಟು: ಪೆಟ್ಟಿಗೆ ನೋಡುವ ಮೊದಲು ಲೈಸೆನ್ಸ್ ಪುಸ್ತಕ ಕೇಳಿ. ಜನ ಅದನ್ನು ಎಸೆಯುವುದಿಲ್ಲ, ಸರ್ಕಾರಿ ಮೊಹರಿನ ಭಯ.

ನೇರ ಪ್ಲಗ್ಗಿಗೆ ಹಾಕಲು ಮಿತ್ರ ಬಿಡಲಿಲ್ಲ. ವರ್ಷಗಟ್ಟಲೆ ಮಲಗಿದ ಸೆಟ್ಟಿನ ಕಂಡೆನ್ಸರು ಒಮ್ಮೆಲೇ 230 ವೋಲ್ಟ್ ತಿಂದರೆ ಸಿಡಿಯಬಹುದು. ಸೀರೀಸ್ ಬಲ್ಬ್ ಹಾಕಿ ಕರೆಂಟು ಕೊಟ್ಟ. ಬಲ್ಬು ಝಗ್ಗನೆ ಉರಿದು ಮಂಕಾಯಿತು, ಅದೇ ಶುಭಶಕುನ. ಅರೆ ನಿಮಿಷಕ್ಕೆ ಟ್ಯೂನಿಂಗ್ ತೋರಿಸುವ ಹಸಿರು ಕಣ್ಣು ತೆರೆದುಕೊಂಡಿತು. ಚೇಂಜರಿನ ಕಂಬಿಗೆ ಪ್ಲೇಟುಗಳನ್ನು ಒಂದರ ಮೇಲೊಂದು ಏರಿಸಿದೆವು. ಕೆಳಗಿನದು ಟಪ್ಪನೆ ಬಿತ್ತು, ತೋಳು ತಾನಾಗಿ ಎದ್ದು, ಅಳತೆ ನೋಡಿ, ಅಂಚಿಗೆ ಇಳಿಯಿತು. ಕಂಪ್ಯೂಟರಿಲ್ಲದ ಕಾಲದ ಈ ಜಾಣತನ, ಬರೀ ಹಲ್ಲುಚಕ್ರ ಮತ್ತು ಸನ್ನೆಗಳದು! ಪಿಕಪ್ಪಿನ ಉಪ್ಪಿನ ಹರಳು ಬದುಕಿತ್ತು. ಜಯಚಾಮರಾಜ ಒಡೆಯರು ರಷ್ಯದ ಮೆಟ್ನರನ ಸಂಗೀತವನ್ನು ಎಚ್‌ಎಂವಿ ಪ್ಲೇಟಿಗೆ ಇಳಿಸಲು ಹಣ ಕೊಟ್ಟಿದ್ದರಲ್ಲ, ಆ ಪ್ಲೇಟೇನಾದರೂ ಇದೆಯೇ ಎಂದು ಆಸೆಯಿಂದ ಕೇಳಿದೆ. “ಇಲ್ಲ, ಪಿ. ಕಾಳಿಂಗರಾಯರು ಇದ್ದಾರೆ, ಸಾಲದೇ?” ಎಂದರು ಮೇಷ್ಟರು. ಧಾರಾಳವಾಗಿ ಸಾಕಿತ್ತು.

ಹನೂರು ಮಲೆ ಮಹದೇಶ್ವರ ಬೆಟ್ಟದ ದಾರಿಯ ಊರು. ಅಲ್ಲಿ ಮನೆಗಳಿಗಿಂತ ಮೈಕ್‌ಸೆಟ್ ಅಂಗಡಿಯಲ್ಲಿ ಯಂತ್ರ ಜಾಸ್ತಿ. ಅಹೂಜ ಆಂಪ್ಲಿಫೈಯರು, ಬಣ್ಣ ಹೋದ ಹಾರ್ನು, ಅದರ ಪಕ್ಕ ಬ್ಯಾಟರಿಯಲ್ಲಿ ಓಡುವ ಪ್ಲಾಸ್ಟಿಕ್ ಪೆಟ್ಟಿಗೆಯ ಎಚ್‌ಎಂವಿ ಫಿಯೆಸ್ಟಾ ರೆಕಾರ್ಡ್ ಪ್ಲೇಯರ್. ಒಳಗೆ ಎಸಿ128 ಟ್ರಾನ್ಸಿಸ್ಟರು ಕಂಡಿತು. ಜರ್ಮೇನಿಯಂ ಕಾಲದ್ದು, ಸಿಲಿಕಾನ್ ಇನ್ನೂ ಎಲ್ಲ ಕಡೆ ಹಬ್ಬಿರಲಿಲ್ಲ. ಪ್ಲೇಟಿನ ಕಟ್ಟಿನಲ್ಲಿ ತಮಿಳು, ಕನ್ನಡ ಎರಡೂ. ಟೂರಿಂಗ್ ಟಾಕೀಸಿನಲ್ಲಿ ಆಟ ಶುರು ಎಂದು ಸಾರುತ್ತಿದ್ದ ಘಂಟಸಾಲರ ‘ನಮೋ ವೆಂಕಟೇಶ’ ಇತ್ತು. 1974ರ ‘ಸಂಪತ್ತಿಗೆ ಸವಾಲ್’ ಪ್ಲೇಟಿನಲ್ಲಿ ರಾಜ್‌ಕುಮಾರ್ ಎಮ್ಮೆ ಏರಿ ಹಾಡುವ ಹಾಡಿನ ಭಾಗವಷ್ಟೇ ಸವೆದು ಬೆಳ್ಳಗಾಗಿತ್ತು. ಅವರ ಊರು ಗಾಜನೂರು ಕಾಡಿನ ಆಚೆ ಮಗ್ಗುಲಿಗೇ ಇರುವ ಸೀಮೆಯಲ್ಲಿ ಅದು ಸವೆಯದೆ ಇದ್ದಿದ್ದರೆ ನಾನು ಅನುಮಾನಪಡುತ್ತಿದ್ದೆ.

ಮಾರುತ್ತೀರಾ ಎಂದೆ. “ಕೊಡಕಿಲ್ಲ ಕನ ಸಾ. ಮಾದಪ್ಪನ್ ಜಾತ್ರಗ ಕೂಗಿರ ಮಿಷೀನು. ಸೂಜಿ ಸಿಕ್ಕುದ್ರ ಮಾತ್ರ ಕಳ್ಸಿಕೊಡಿ,” ಎಂದರು ಅಂಗಡಿಯವರು. ಮಿತ್ರ ಸೂಜಿಯ ನಂಬರು ಬರೆದುಕೊಳ್ಳುತ್ತಿದ್ದಾಗ ಬಾಗಿಲಲ್ಲಿ ನಿಂತಿದ್ದ ಹುಡುಗ, ರಾಮಾಪುರದಲ್ಲಿ ತನ್ನ ತಾತನ ಮನೆಯಲ್ಲೂ ಒಂದು ಇದೆ, ಅದಕ್ಕೆ ಕೀ ಕೊಡಬೇಕು ಎಂದ. ಬಸ್ಸು ಎಷ್ಟು ಹೊತ್ತಿಗೆ ಎಂದು ಇಬ್ಬರೂ ಒಟ್ಟಿಗೇ ಕೇಳಿದೆವು.