ಆಗಲ್ಲ ಅಂದ್ರೆ ಯಾಕೆ ಆಗಲ್ಲ?

ನಮ್ಮನೇಲಿ ಆಯುಧಪೂಜೆ ದಿನ ಕಂಪ್ಯೂಟರಿಗೂ ಕುಂಕುಮ ಬೀಳತ್ತೆ. ಕತ್ತಿ, ಗುದ್ದಲಿ, ನಮ್ಮ ಯಜಮಾನರ ಸ್ಕೂಟರ್, ನನ್ನ ಹೊಲಿಗೆ ಮಷೀನು, ಸಾಲಿನ ಕೊನೆಗೆ ಇದು. ವರ್ಷಕ್ಕೊಮ್ಮೆ ಇದರ ಡಬ್ಬಿ ಬಿಚ್ಚಿ ಧೂಳು ಹೊಡೆಯೋದೂ ಅವತ್ತೇ. ಸಾಗರದ ಮಳೆಗಾಲ ಮುಗಿಯೋ ಹೊತ್ತಿಗೆ ಅದರೊಳಗೆ ಏನೇನು ಸಂಸಾರ ಹೂಡಿರತ್ತೆ ಅಂತ ಹೇಳೋದು ಬೇಡ. 2025ರಲ್ಲಿ ಆಯುಧಪೂಜೆ ಅಕ್ಟೋಬರ್ 1ಕ್ಕೆ ಬಂತು. ಆದ್ರೆ ಈ ಸಲ ಪೂಜೆ ಮಾಡುವಾಗ ಕೈಯಲ್ಲಿ ಆರತಿ ಇದ್ದರೂ ತಲೇಲಿ ಒಂದೇ ಯೋಚನೆ. ಇದಕ್ಕೆ ಮುಂದಿನ ವರ್ಷ ಪೂಜೆ ಇದೆಯೋ ಇಲ್ವೋ?

ಕೆಲವು ತಿಂಗಳಿಂದ ಪರದೆ ಮೇಲೆ ಒಂದು ಸೂಚನೆ ಬರ್ತಾ ಇತ್ತು. ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಅಂತ. ನಾನು ಪ್ರತಿ ಸಲವೂ "ಆಮೇಲೆ ನೆನಪಿಸು" ಒತ್ತಿ ಕೆಲಸಕ್ಕೆ ಕೂರ್ತಿದ್ದೆ. ಈ ಕಂಪ್ಯೂಟರ್ ನನಗೆ ಸಿನಿಮಾ ನೋಡೋಕೆ ಇರೋದಲ್ಲ. ಮದುವೆ ಕಾಗದ, ಗೃಹಪ್ರವೇಶದ ಕಾರ್ಡು, ಸೊಸೈಟಿಯ ವಾರ್ಷಿಕ ವರದಿ, ಕಾಲೇಜು ಮಕ್ಕಳ ಪ್ರಾಜೆಕ್ಟು, ಗಣಪತಿ ಹಬ್ಬದ ರಸೀದಿ ಪುಸ್ತಕ, ಹೀಗೆ ಮನೇಲೇ ಕೂತು ನುಡಿಯಲ್ಲಿ ಟೈಪು ಮಾಡಿ, ಪೇಜ್‌ಮೇಕರ್‌ನಲ್ಲಿ ಜೋಡಿಸಿಕೊಡೋದು ನನ್ನ ಸಂಪಾದನೆ. ಮಗ ಸೆಕೆಂಡ್ ಪಿಯುಸಿ. ಮುಂದಿನ ವರ್ಷದ ಫೀಸಿಗೆ ಅಂತ ಕೂಡಿಡ್ತಿರೋ ದುಡ್ಡು ಇದರಿಂದಲೇ ಹುಟ್ಟೋದು.

ಸೆಪ್ಟೆಂಬರ್‌ನಲ್ಲೇ ಪೇಟೆಯ ಅಂಗಡಿಯವನನ್ನು ಕೇಳಿದ್ದೆ. ಅವನು ಬಂದು ಒಂದು ಪರೀಕ್ಷೆಯ ಆ್ಯಪ್ ಹಾಕಿ, ಪರದೆ ಮೇಲೆ ಬಂದ ಕೆಂಪು ಗುರುತು ತೋರಿಸಿ, "ಆಗಲ್ಲ ಮೇಡಂ. ಇದ್ರಲ್ಲಿ ಹನ್ನೊಂದು ಬರಲ್ಲ. 14ನೇ ತಾರೀಕಿಗೆ ಇದು ಬಂದ್. ಹೊಸದು 42 ಸಾವಿರಕ್ಕೆ ಮಾಡ್ಕೊಡ್ತೀನಿ, ಇದನ್ನ ಎರಡು ಸಾವಿರಕ್ಕೆ ಹಿಡ್ಕೋತೀನಿ" ಅಂದ. ಚಾ ಕುಡಿದು ಹೋದ.

ಅವನು ಆಡಿದ "ಹಿಡ್ಕೋತೀನಿ" ಅನ್ನೋ ಮಾತಿಗೆ ನನ್ನ ಎದೆ ಝಲ್ ಅಂತು. ಅದಕ್ಕೆ ಹಳೇದೊಂದು ಕಾರಣ ಇದೆ.

2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಬೆಂಬಲ ನಿಂತಿತು. ಆಗ ನನ್ನ ಹತ್ರ 2006ರಲ್ಲಿ ತಗೊಂಡಿದ್ದ ಮಷೀನು ಇತ್ತು. ಆಗಲೂ ಒಬ್ಬರು ಬಂದು "ಆಗಲ್ಲ" ಅಂದರು. ಯಾಕೆ ಅಂತ ನಾನು ಕೇಳಲಿಲ್ಲ. ಕಂಪ್ಯೂಟರ್ ವಿಷಯದಲ್ಲಿ ನಮ್ಮಂಥವರು ಯಾಕೆ ಅಂತ ಕೇಳಬಾರದು ಅಂತ ಅದ್ಯಾರು ಹೇಳಿಕೊಟ್ಟಿದ್ದರೋ! ಸಂಘದಿಂದ ಸಾಲ ತಂದು ಒಂದು ಸೆಕೆಂಡ್ ಹ್ಯಾಂಡ್ ಮಷೀನು ಕೊಂಡು, ಹಳೇದನ್ನು ಒಂದೂವರೆ ಸಾವಿರಕ್ಕೆ ಕೊಟ್ಟೆ. ಗಿರಾಕಿಗಳ ಫೈಲುಗಳನ್ನೆಲ್ಲ ನೆನಪಿಟ್ಟು ಸಿಡಿಗೆ ಹಾಕಿಕೊಂಡಿದ್ದೆ. ಒಂದು ಫೋಲ್ಡರ್ ಮಾತ್ರ ಮರೆತುಹೋಗಿತ್ತು. ನಮ್ಮ ಅತ್ತೆ ಎರಡು ಮಳೆಗಾಲ ನನ್ನ ಪಕ್ಕ ಮಣೆ ಹಾಕ್ಕೊಂಡು ಕೂತು, ಹೇಳಿ ಬರೆಸಿದ್ದ ಮದುವೆ ಹಾಡುಗಳು, ಹಸೆಗೆ ಕರೆಯೋ ಹಾಡುಗಳು ಅದರಲ್ಲಿದ್ದವು. ಗೊತ್ತಾದಾಗ ಓಡಿ ಹೋಗಿ ಕೇಳಿದೆ. ಡಿಸ್ಕ್ ಅಳಿಸಿ ಯಾರಿಗೋ ಮಾರಿಯಾಗಿತ್ತು. "ಮತ್ತೆ ಹೇಳ್ತೀನಿ ಬಿಡು, ಎಲ್ಲಿ ಹೋಗತ್ತೆ" ಅಂದರು ಅತ್ತೆ. ಮರುವರ್ಷ ಅವರೇ ಹೋಗಿಬಿಟ್ಟರು.

ಎಷ್ಟೋ ದಿನ ಆದ ಮೇಲೆ ತಿಳೀತು, ಆ ಹಳೇ ಮಷೀನಿಗೆ ವಿಂಡೋಸ್ 7 ಬರ್ತಿತ್ತು. ಅದಕ್ಕೆ ಬೇಕಿದ್ದದ್ದು 1 ಜಿಬಿ ರ‍್ಯಾಮ್, ನನ್ನದರಲ್ಲಿ ಇದ್ದದ್ದು 512 ಎಂಬಿ. ಇನ್ನೊಂದು ಕಡ್ಡಿ ಸಿಕ್ಕಿಸಿದ್ರೆ ಮುಗೀತಿತ್ತು. ಆಗಲೂ ಮನೆ ಕಂಪ್ಯೂಟರಿಗೆ ಯಾವುದು ಕಡಿಮೆ ಅಂತ ನೋಡಿ ಹೇಳುವ ಪುಕ್ಕಟೆ ಆ್ಯಪ್ ಇತ್ತಂತೆ. ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅದಕ್ಕೇ ಈ ಸಲ ಅಂಗಡಿಯವನು ಹೋದ ಮೇಲೆ ಆ ಕೆಂಪು ಗುರುತಿನ ಪರದೇನ ನಾನೇ ಮತ್ತೆ ತೆರೆದೆ. ಪಿಸಿ ಹೆಲ್ತ್ ಚೆಕ್ ಅಂತ ಅದರ ಹೆಸರು, ಮೈಕ್ರೋಸಾಫ್ಟ್‌ನವರೇ ಪುಕ್ಕಟೆ ಕೊಡೋದು. 2021ರ ಜೂನ್‌ನಲ್ಲಿ ಮೊದಲು ಬಂದಾಗ ಅದೂ ನಮ್ಮ ಅಂಗಡಿಯವನ ಹಾಗೇ ಇತ್ತಂತೆ. "ಆಗಲ್ಲ" ಅನ್ನೋದು, ಯಾಕೆ ಅಂತ ಬಿಡಿಸಿ ಹೇಳ್ತಿರಲಿಲ್ಲ. ಜನ ಗಲಾಟೆ ಮಾಡಿದರು. ಕೆಲವೇ ದಿನದಲ್ಲಿ ಅದನ್ನು ವಾಪಸ್ ತಗೊಂಡು, ಕಾರಣ ಹೇಳುವ ಹಾಗೆ ತಿದ್ದಿ ಸೆಪ್ಟೆಂಬರ್‌ನಲ್ಲಿ ಮತ್ತೆ ಬಿಟ್ಟರು. ಹಾಗಾಗಿ ಈಗ ಕೆಂಪು ಗುರುತಿನ ಕೆಳಗೆ ಒಂದು ಪಟ್ಟಿ ಇರತ್ತೆ. ನಾವು ಓದೋದಿಲ್ಲ, ಅಷ್ಟೆ.

ನಾನು ಪೆನ್ನು ಹಿಡಿದು ಒಂದೊಂದಾಗಿ ಬರೆದುಕೊಂಡೆ. ರ‍್ಯಾಮ್ ಕನಿಷ್ಠ 4 ಜಿಬಿ ಬೇಕು, ನನ್ನದರಲ್ಲಿ 8 ಇದೆ. ಡಿಸ್ಕ್ 64 ಜಿಬಿ ಬೇಕು, ನನ್ನದು 240. ಪ್ರೊಸೆಸರ್ ಅವರ ಪಟ್ಟಿಯಲ್ಲಿ ಇರಬೇಕು. ಇಂಟೆಲ್ ಆದ್ರೆ, ಒಂದೆರಡು ಅಪವಾದ ಬಿಟ್ಟು, 8ನೇ ತಲೆಮಾರು ಮತ್ತು ಅದರ ನಂತರದ್ದು. ನನ್ನದು ಐ3-8100. ಆ ನಾಲ್ಕಂಕಿಯಲ್ಲಿ ಮೊದಲನೆಯದು ಎಂಟು, ಅಂದ್ರೆ ಎಂಟನೇ ತಲೆಮಾರು. ಮೂರಕ್ಕೂ ಹಸಿರು ಗುರುತೇ ಇತ್ತು! ಕೆಂಪು ಇದ್ದದ್ದು ಎರಡೇ ಸಾಲಿಗೆ. ಒಂದು ಸೆಕ್ಯೂರ್ ಬೂಟ್. ಇನ್ನೊಂದು ಟಿಪಿಎಂ 2.0. ಆ ಎರಡನೇ ಸಾಲನ್ನು ನಿಧಾನ ಓದಿದೆ. ಟಿಪಿಎಂ ಈ ಕಂಪ್ಯೂಟರಿನಲ್ಲಿ "ಇರಬೇಕು ಮತ್ತು ಚಾಲೂ ಆಗಿರಬೇಕು" ಅಂತ ಬರೆದಿತ್ತು.

ಚಾಲೂ ಆಗಿರಬೇಕು. ಹಾಗಾದ್ರೆ ಇದ್ದೂ ಬಂದ್ ಆಗಿರಬಹುದಲ್ಲ?

ಟಿಪಿಎಂ ಅಂದ್ರೆ ಒಂಥರಾ ಬೀರುವಿನೊಳಗಿನ ಲಾಕರ್. ಬೀಗದ ಕೈಗಳನ್ನು ಬೇರೆ ಪ್ರೋಗ್ರಾಮುಗಳ ಕೈಗೆ ಸಿಗದ ಹಾಗೆ ಇಟ್ಟುಕೊಳ್ಳೋ ಜಾಗ. ಇದಕ್ಕೆ ಬೇರೆ ಚಿಪ್ಪೇ ಕೊಳ್ಳಬೇಕು ಅಂತಿಲ್ಲ. ಈಚಿನ ಇಂಟೆಲ್ ಮಷೀನುಗಳಲ್ಲಿ ಪಿಟಿಟಿ ಅನ್ನೋ ಹೆಸರಲ್ಲಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅನ್ನೋ ಹೆಸರಲ್ಲಿ ಒಳಗೇ ಇರತ್ತೆ. ಕಂಪನಿಗಳು ಪೂರಾ ಜೋಡಿಸಿ ಮಾರುವ ಹೊಸ ಮಾದರಿಗಳಲ್ಲಿ ಅದನ್ನು ಚಾಲೂ ಮಾಡೇ ಕೊಡಬೇಕು ಅಂತ 2016ರಲ್ಲೇ ನಿಯಮ ಬಂತು. ಆದ್ರೆ ನನ್ನದು ಬಿಡಿ ಭಾಗ ತಂದು ಕೂಡಿಸಿದ್ದು. 2018ರಲ್ಲಿ ಸಿಡಿಲಿಗೆ ಆ ಸೆಕೆಂಡ್ ಹ್ಯಾಂಡ್ ಮಷೀನು ಸುಟ್ಟಾಗ ಗಡಿಬಿಡೀಲಿ ಕಟ್ಟಿಸಿದ್ದು. ಅದರಲ್ಲಿ ಆ ಸ್ವಿಚ್ಚನ್ನು ಯಾರು ಒತ್ತಿರ್ತಾರೆ?

ಸೆಕ್ಯೂರ್ ಬೂಟ್‌ದು ಸ್ವಲ್ಪ ತೊಡಕಿನ ವ್ಯವಹಾರ. ಮಷೀನು ಏಳುವಾಗ ಸಹಿ ಇರುವ ಪ್ರೋಗ್ರಾಮನ್ನೇ ಎಬ್ಬಿಸೋದು ಅದರ ಕೆಲಸ. ಅದು ಬೇಕಾದ್ರೆ ಮಷೀನು ಯುಇಎಫ್‌ಐ ಅನ್ನೋ ಹೊಸ ಪದ್ಧತೀಲಿ ಏಳಬೇಕು. ಎಂಎಸ್‌ಇನ್ಫೋ32 ಅಂತ ಕೊಟ್ಟು ನೋಡಿದರೆ ನನ್ನದರಲ್ಲಿ ಬಯಾಸ್ ಮೋಡ್ ಮುಂದೆ "ಲೆಗಸಿ" ಅಂತಿತ್ತು. ಅಂದ್ರೆ ಹಳೇ ಪದ್ಧತಿ. ಡಿಸ್ಕನ್ನೂ ಹಳೇ ರೀತೀಲೇ, ಎಂಬಿಆರ್ ಅಂತಾರೆ, ಭಾಗ ಮಾಡಿದ್ದರು. ಅದನ್ನು ಜಿಪಿಟಿ ಮಾಡದೆ ಬರೀ ಪದ್ಧತಿ ಬದಲಾಯಿಸಿದರೆ ಮಷೀನು ಏಳೋದೇ ಇಲ್ಲ. ಪುಣ್ಯಕ್ಕೆ ಫೈಲುಗಳು ಹೋಗದ ಹಾಗೆ ಅದನ್ನು ಮಾಡೋ ಎಂಬಿಆರ್2ಜಿಪಿಟಿ ಅನ್ನೋ ಸಾಧನ ವಿಂಡೋಸ್ 10ರ ಒಳಗೇ ಇದೆ. ಮೊದಲು "ಪರೀಕ್ಷಿಸು" ಅನ್ನಬೇಕು. ಸೈ ಅಂದ್ರೆ ಮಾತ್ರ "ಬದಲಾಯಿಸು" ಅನ್ನಬೇಕು.

ಪೂಜೆ ಮುಗಿದ ಮಾರನೇ ದಿನ, ಗುರುವಾರ, ಕೂತೆ. ಮೊದಲ ಕೆಲಸ ಬ್ಯಾಕಪ್. ಒಂದು ಹೊರಗಿನ ಡಿಸ್ಕ್ ತಂದು ಒಂದೂ ಬಿಡದೆ ಎಲ್ಲಾ ಫೋಲ್ಡರ್ ತುಂಬಿದೆ. ಆಮೇಲೆ ಸುಮ್ಮನೆ ಬಿಡದೆ ಹತ್ತಾರು ಫೈಲು ತೆರೆದೂ ನೋಡಿದೆ. ಮಧ್ಯಾಹ್ನ ಕರೆಂಟ್ ಹೋಯ್ತು. ಬಂದ ಮೇಲೂ ಅರ್ಧ ಗಂಟೆ ಕಾದೆ, ಯುಪಿಎಸ್ ತುಂಬಲಿ ಅಂತ. ಆಮೇಲೆ ಕಪ್ಪು ಕಿಟಕೀಲಿ ಆಜ್ಞೆ ಕೊಟ್ಟೆ. ಪರೀಕ್ಷೆ ಸೈ ಅಂತು. ಬದಲಾವಣೆ ನಿಮಿಷವೂ ತಗೊಳ್ಳಲಿಲ್ಲ. ರೀಸ್ಟಾರ್ಟ್ ಕೊಟ್ಟು ಡಿಲೀಟ್ ಕೀ ಒತ್ತೋದು ಒಂದು ಕ್ಷಣ ತಡ ಆಯ್ತು ನೋಡಿ, ಪರದೆ ಪೂರಾ ಕಪ್ಪು! ಎಬ್ಬಿಸಲು ಡಿಸ್ಕೇ ಇಲ್ಲ ಅಂತ ಒಂದು ಸಾಲು.

ಕೈಕಾಲು ತಣ್ಣಗಾಯ್ತು. ಮಗ ಬಾಗಿಲಲ್ಲಿ ನಿಂತು "ಹೋಯ್ತಾ ಅಮ್ಮಾ?" ಅಂದ. "ಸುಮ್ನಿರೋ" ಅಂತ ಗದರಿಸಿದೆ. ಗದರಿಸಿದ್ದು ಅವನನ್ನಲ್ಲ, ನನ್ನನ್ನೇ. ಇದು ಹೀಗೇ ಆಗಬೇಕಿತ್ತಲ್ಲ, ಡಿಸ್ಕ್ ಹೊಸ ರೀತಿ, ಮಷೀನು ಇನ್ನೂ ಹಳೇ ಪದ್ಧತಿ ಅಂತ ನೆನಪಾಗೋಕೆ ಐದು ನಿಮಿಷ ಬೇಕಾಯ್ತು. ಮತ್ತೆ ಶುರು ಮಾಡಿ, ಈ ಸಲ ಡಿಲೀಟ್ ಕೀಯನ್ನು ಟಕಟಕ ಕುಟ್ಟುತ್ತಲೇ ಇದ್ದು ಬಯಾಸ್ ಒಳಗೆ ಹೋದೆ. ಯುಇಎಫ್‌ಐ ಮಾಡಿದೆ. ಸೆಕ್ಯೂರ್ ಬೂಟ್ ಚಾಲೂ ಮಾಡಿದೆ. ಪಿಟಿಟಿ ಎಲ್ಲಿದೆ ಅಂತ ಹುಡುಕಿದರೆ ಮೂರು ಮೆನುವಿನ ಒಳಗೆ ಅಡಗಿ ಕೂತಿತ್ತು, ಏಳು ವರ್ಷದಿಂದ ಬಂದ್ ಆಗಿ. ಚಾಲೂ ಮಾಡಿ, ಉಳಿಸಿ, ಹೊರಬಂದೆ.

ವಿಂಡೋಸ್ ಎದ್ದಿತು. ಹೆಲ್ತ್ ಚೆಕ್ ಮತ್ತೆ ಓಡಿಸಿದೆ. ಎಲ್ಲಾ ಹಸಿರು. ಖರ್ಚು ಆ ಹೊರಗಿನ ಡಿಸ್ಕಿನದ್ದು ಬಿಟ್ಟರೆ ಸೊನ್ನೆ. ಅಸಲಿ ವಿಂಡೋಸ್ 10 ಇದ್ದವರಿಗೆ ಹನ್ನೊಂದು ಪುಕ್ಕಟೆ. ರಾತ್ರಿಯಿಡೀ ಇಳಿದು ಬೆಳಗ್ಗೆ ಕೂತಿತ್ತು. ನುಡಿ ತೆರೆದು "ಶ್ರೀ ಗಣೇಶಾಯ ನಮಃ" ಟೈಪು ಮಾಡಿದೆ. ಬಂತು. ಪೇಜ್‌ಮೇಕರ್ ಸ್ವಲ್ಪ ಮುನಿಸಿಕೊಂಡು ಆಮೇಲೆ ತೆರೆಯಿತು. ಪ್ರಿಂಟರ್ ಮಾತ್ರ ಎರಡು ದಿನ ಆಟ ಆಡಿಸಿತು, ಅದು ಯಾವ ಕಾಲದಲ್ಲೂ ಸುಮ್ಮನಿದ್ದದ್ದಲ್ಲ.

ಅಂಗಡಿಯವನಿಗೆ ಫೋನ್ ಮಾಡಿ ಹೇಳಿದೆ. "ಹೌದಾ ಮೇಡಂ, ಅಷ್ಟೆಲ್ಲ ನೋಡೋಕೆ ನಮಗೆ ಟೈಮ್ ಎಲ್ಲಿರತ್ತೆ" ಅಂದ. ಅದೂ ನಿಜವೇ ಇರಬಹುದು. ಅವನ ಅಂಗಡೀಲಿ ಜನ ಸಾಲು ನಿಂತಿರ್ತಾರೆ. ನೋಡೋಕೆ ಟೈಮ್ ಇದ್ದದ್ದು ನನಗೆ, ಯಾಕಂದ್ರೆ ದುಡ್ಡೂ ನನ್ನದು, ಫೈಲೂ ನನ್ನದು.

ಇಲ್ಲಿಗೇ ಮುಗಿದಿದ್ರೆ ನಾನು ಜಂಭ ಕೊಚ್ಚಿಕೊಂಡು ಇರ್ತಿದ್ದೆ. ಆದ್ರೆ ಸುದ್ದಿ ನಮ್ಮ ಹಿಂದಿನ ಮನೆಯ ಮೇಷ್ಟ್ರಿಗೆ ಮುಟ್ಟಿತು. ರಿಟೈರ್ ಆದ ಕನ್ನಡ ಮೇಷ್ಟ್ರು, ಈಗ ಎಂಬತ್ತೊಂದು. "ನಂದನ್ನೂ ಒಂದು ನೋಡಮ್ಮಾ" ಅಂದರು. ಅವರದ್ದು 2014ರದ್ದು, ಐ3-4130. ನೋಡಿದ ಕೂಡಲೇ ಗೊತ್ತಾಯ್ತು. ಮೊದಲ ಅಂಕಿ ನಾಲ್ಕು. ಆದ್ರೂ ಪರೀಕ್ಷೆ ಓಡಿಸಿದೆ, ಬಯಾಸ್ ಒಳಗೆ ಹೊಕ್ಕು ಹುಡುಕಿದೆ. ಪ್ರೊಸೆಸರೇ ಪಟ್ಟಿಯಲ್ಲಿ ಇಲ್ಲದ ಮೇಲೆ ಒತ್ತೋಕೆ ಸ್ವಿಚ್ಚು ಎಲ್ಲಿಂದ ಬರಬೇಕು? ಪಟ್ಟಿಯಲ್ಲಿ ಇಲ್ಲದ್ದಕ್ಕೂ ಹೇಗಾದರೂ ಹನ್ನೊಂದು ಕೂರಿಸೋ ಉಪಾಯಗಳಿವೆ. ಆದ್ರೆ ಮುಂದೆ ಅಪ್‌ಡೇಟ್ ಬಂದೇ ಬರತ್ತೆ ಅಂತ ಕಂಪನಿ ಮಾತು ಕೊಡೋದಿಲ್ಲ. ಮೇಷ್ಟ್ರ ಮಷೀನಿನ ಮೇಲೆ ಅಂಥ ಪ್ರಯೋಗ ಮಾಡೋ ಧೈರ್ಯ ನನಗೆ ಬರಲಿಲ್ಲ.

ಈಗ "ಆಗಲ್ಲ" ಅನ್ನೋ ಸರದಿ ನನ್ನದು. ಎಷ್ಟು ಕಷ್ಟ ಅಂತೀರಿ! ಅವರ ಪಕ್ಕ ಕೂತು ಪಟ್ಟಿ ತೋರಿಸಿ ಯಾಕೆ ಅಂತ ಬಿಡಿಸಿ ಹೇಳಿದೆ. 14ನೇ ತಾರೀಕಿಗೆ ಇದು ಬಂದ್ ಆಗೋದಿಲ್ಲ, ಏಳತ್ತೆ, ಕೆಲಸ ಮಾಡತ್ತೆ. ಹೊಸದಾಗಿ ಸಿಗುವ ತೂತುಗಳಿಗೆ ತೇಪೆ ಹಾಕೋರು ಇರೋದಿಲ್ಲ, ಅಷ್ಟೆ. ಮನೆ ಬಳಕೆಯವರಿಗೆ ಆ ತೇಪೆಯನ್ನು ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರ ತನಕ ಕೊಡೋ ವ್ಯವಸ್ಥೆ ಇದೆ. ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋಗಿ ಸೆಟ್ಟಿಂಗುಗಳ ಬ್ಯಾಕಪ್ ಇಟ್ಟರೆ ಅದಕ್ಕೆ ದುಡ್ಡೂ ಇಲ್ಲ. ಸೇರಿಸಿಕೊಟ್ಟೆ.

"ಒಂದು ವರ್ಷ ಅಲ್ವಾ? ಸಾಕು. ನಂಗೂ ಡಾಕ್ಟ್ರು ಅಷ್ಟಷ್ಟೇ ಬರ್ಕೊಡೋದು" ಅಂತ ನಕ್ಕರು ಮೇಷ್ಟ್ರು.

ನನಗೆ ನಗು ಬರಲಿಲ್ಲ. ಅವರ ಡಿಸ್ಕಿನಲ್ಲಿ ಹನ್ನೊಂದು ವರ್ಷದ ಬರಹ ಇದೆ. ಊರಿನ ಕೆರೆಗಳ ಮೇಲೆ, ಸತ್ತುಹೋದ ತಾಳಮದ್ದಲೆ ಅರ್ಥಧಾರಿಗಳ ಮೇಲೆ ಬರೆದದ್ದು. ಎಲ್ಲವೂ ಹಳೇ ನುಡಿ ಫಾಂಟಿನಲ್ಲಿ. ಆ ಫಾಂಟಿಲ್ಲದ ಕಡೆ ತೆರೆದರೆ ಒಂದಕ್ಷರ ಕನ್ನಡ ಕಾಣೋದಿಲ್ಲ, ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಮುಂದೆ ಈ ಮಷೀನಿಗೆ ಲಿನಕ್ಸ್ ಹಾಕಿದರೂ, ಮೊಮ್ಮಗ ಹೊಸದು ಕೊಡಿಸಿದರೂ, ಇವು ಯುನಿಕೋಡ್ ಆಗಿದ್ರೇನೇ ಓದೋಕೆ ಬರೋದು.

ಅದಕ್ಕೆ ಈಗ ಪ್ರತಿ ಬುಧವಾರ ಸಂಜೆ ಅವರ ಮನೇಲಿ ಕೂರ್ತೀನಿ. ನಾನು ಒಂದೊಂದೇ ಫೈಲನ್ನು ಪರಿವರ್ತಕಕ್ಕೆ ಹಾಕ್ತೀನಿ, ಅವರು ಕನ್ನಡಕ ಏರಿಸಿ ಓದ್ತಾರೆ. ಅರ್ಕಾವೊತ್ತು ಕೆಲವು ಕಡೆ ಜಾಗ ತಪ್ಪಿ ಕೂರತ್ತೆ. "ಸೂರ್ಯ ಹೋಗಿ ಮತ್ತೇನೋ ಆಗಿದಾನೆ, ತಿದ್ದು" ಅಂತಾರೆ. ಹೋದ ವಾರಕ್ಕೆ ನಲವತ್ತು ಫೈಲು ಮುಗೀತು. ಇನ್ನೂ ಇನ್ನೂರು ಚಿಲ್ಲರೆ ಇದೆ. ಮುಗಿದದ್ದನ್ನೆಲ್ಲ ಎರಡು ಕಡೆ ಇಡ್ತೀನಿ, ಅವರ ಪೆನ್‌ಡ್ರೈವಲ್ಲೊಂದು, ನನ್ನ ಹೊರಗಿನ ಡಿಸ್ಕಿನಲ್ಲೊಂದು.

ಮೊನ್ನೆ ಅವರ ಹೆಂಡತಿ ಚಾ ತಂದಿಟ್ಟು, ನಾವು ಮಾಡೋದನ್ನ ಸ್ವಲ್ಪ ಹೊತ್ತು ನೋಡಿ, "ನಿಮ್ಮತ್ತೆ ಹಸೆ ಹಾಡು ನಂಗೂ ಒಂದು ನಾಕು ಬರತ್ತೆ. ನಾವಿಬ್ರೂ ಒಟ್ಟಿಗೇ ಹೇಳ್ತಿದ್ವಲ್ಲ" ಅಂದರು. ನಾನು ಹೊಸ ಫೈಲು ತೆರೆದೆ.